ಮೂರನೇ ನಂಬರಿನ ರಾಡ್

ಸಣ್ಣ ಹಳ್ಳಗಳಲ್ಲಿ ಮೀನು ಹಿಡಿಯೋಕೆ ಫ್ಲೈ ರಾಡ್ ಕೊಳ್ಳಬೇಕು, ಯಾವುದು ತಗೊಳ್ಳಲಿ ಅಂತ ಯಾರನ್ನಾದ್ರೂ ಕೇಳಿ ನೋಡಿ. ಅಂಗಡಿಯವನು, ಯೂಟ್ಯೂಬಿನವನು, ವರ್ಷಕ್ಕೆರಡು ಸಲ ಕೊಡಗಿಗೆ ಹೋಗಿಬರುವ ನಿಮ್ಮ ಟೀಮ್ ಲೀಡ್, ಎಲ್ಲರ ಉತ್ತರವೂ ಹೆಚ್ಚು ಕಡಿಮೆ ಒಂದೇ: "ಮೂರನೇ ನಂಬರ್ ತಗೋ. ಗೇಣುದ್ದದ ಮೀನೂ ಕೈಗೆ ದೊಡ್ಡದಾಗಿ ಗೊತ್ತಾಗುತ್ತೆ." ಮೊದಲನೇ ವಾಕ್ಯದ ಬಗ್ಗೆ ನನ್ನ ತಕರಾರು ಅಷ್ಟಿಲ್ಲ. ಎರಡನೇದು ಮಾತ್ರ ಬಹಳ ದಿನದಿಂದ ತಲೇಲಿ ಕೂತಿದೆ.

ಈ ಲೋಕ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ನಮ್ಮ ಊರಿನ ಗಾಳದಲ್ಲಿ ತುದಿಗೆ ಸೀಸದ ಗುಂಡು ಇರುತ್ತೆ, ಅದರ ಭಾರಕ್ಕೆ ದಾರ ದೂರ ಹೋಗುತ್ತೆ. ಫ್ಲೈ ಅಂದ್ರೆ ಪುಕ್ಕ, ನೂಲು ಸುತ್ತಿ ಮಾಡಿದ ಹುಸಿ ಹುಳ. ಅದಕ್ಕೆ ಭಾರವೇ ಇಲ್ಲ. ಹಾಗಾಗಿ ದಾರವನ್ನೇ ಭಾರ ಮಾಡಿ, ಅದನ್ನು ಚಾಟಿಯ ಹಾಗೆ ಬೀಸಿ ಹುಳವನ್ನು ನೀರಿನ ಮೇಲೆ ಇಳಿಸಬೇಕು. ದಾರದ ಮೊದಲ 30 ಅಡಿ ಎಷ್ಟು ತೂಗುತ್ತೆ ಅನ್ನೋದರ ಮೇಲೆ ಅದಕ್ಕೊಂದು ನಂಬರು, ರಾಡಿಗೂ ಅದೇ ನಂಬರು. ಮೂರಕ್ಕೆ 100 ಗ್ರೇನ್, ಅಂದ್ರೆ ಸುಮಾರು ಆರೂವರೆ ಗ್ರಾಂ. ಐದಕ್ಕೆ 140 ಗ್ರೇನ್, ಸುಮಾರು ಒಂಬತ್ತು ಗ್ರಾಂ. ಹಳ್ಳದ ಮೇಲೆ ಮರದ ಕೊಂಬೆ ಬಾಗಿರುತ್ತೆ, ಅದಕ್ಕೆ ಏಳು, ಏಳೂವರೆ ಅಡಿಯ ಗಿಡ್ಡ ರಾಡ್ ಬೇಕು. ದೂರ ಎಸೆಯೋ ಕೆಲಸ ಇಲ್ಲ, ಮೀನು ಚಿಕ್ಕವು, ನಂಬರೂ ಚಿಕ್ಕದಿರಲಿ ಅನ್ನೋದು ಲೆಕ್ಕ. ಚಿಕ್ಕ ನಂಬರಿನ ರಾಡ್ ಮೆದು. ಗೇಣುದ್ದದ ಮೀನು ಎಳೆದರೂ ಹಿಡಿಕೆಯವರೆಗೆ ಬಿಲ್ಲಿನ ಹಾಗೆ ಬಾಗುತ್ತೆ. ಇದಕ್ಕೆ ಅವರು 'ಫೀಲ್' ಅಂತಾರೆ. ಸಾವಿರಾರು ರೂಪಾಯಿ ಕೊಟ್ಟು ನಾವು ಕೊಳ್ಳೋದು ಅದನ್ನೇ.

ಕಂಪ್ಲಿ ಹತ್ತಿರದ ನಮ್ಮೂರಲ್ಲಿ ಫೀಲ್ ಅಂತ ಒಂದಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಹೊಸಪೇಟೆ, ಹಂಪಿ, ಕಂಪ್ಲಿ ಸೀಮೆಯಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳು ಇವತ್ತಿಗೂ ಹರೀತಾವೆ, ಅವುಗಳ ಕೆಳಗೆ ಭತ್ತ, ಕಬ್ಬು, ಬಾಳೆ. ನಮ್ಮ ರಜೆ ಅಂದ್ರೆ ಆ ಕಾಲುವೆ ದಂಡೆ. ಮೇದಾರರ ಮನೆಯಿಂದ ತಂದ ಬಿದಿರಿನ ಕೋಲು, ತಂಗೂಸಿ, ಜೋಳದ ದಂಟಿನ ಬೆಂಡು, ಎರೆಹುಳ. ಬೆಂಡು ಮುಳುಗಿತೋ, ಜಗ್ಗಿದ್ದೇ ಜಗ್ಗಿದ್ದು. ಜಿಲೇಬಿ ಮೀನು ತಲೆ ಮೇಲಿಂದ ಹಾರಿ ಹಿಂದಿನ ಗದ್ದೆಯಲ್ಲಿ ಬೀಳ್ತಿತ್ತು. ಹಿಡಿಯೋದಕ್ಕೂ ಬುಟ್ಟಿಗೆ ಹಾಕೋದಕ್ಕೂ ನಡುವೆ ಹತ್ತು ಸೆಕೆಂಡೂ ಇರ್ತಿರಲಿಲ್ಲ.

ಎರಡು ವರ್ಷದ ಹಿಂದೆ ನನ್ನ ರಾಡನ್ನು ಊರಿಗೆ ಒಯ್ದಿದ್ದೆ. ಪಕ್ಕದ ಮನೆಯ ದೊಡ್ಡಪ್ಪ ಹರಿಗೋಲಲ್ಲಿ ಕೂತು ಬಲೆ ಬೀಸಿಯೇ ಸಂಸಾರ ಸಾಕಿದವರು. ಅದನ್ನು ಎತ್ತಿ, ಬಾಗಿಸಿ ನೋಡಿದರು.

"ನಾಗರಬೆತ್ತ ಇದ್ದಂಗ ಐತಲ್ಲೋ ತಮ್ಮಾ. ಮೀನು ಹಿಡದು ಏನ್ ಮಾಡ್ತಿ?"

"ಬಿಟ್ಟುಬಿಡ್ತೀನಿ ದೊಡ್ಡಪ್ಪ."

ನಕ್ಕರು. ಅವರು ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ. "ಹೋಗ್ಲಿ ಬಿಡು. ಎಷ್ಟೊತ್ತು ಆಡಸ್ತಿ?"

ದೊಡ್ಡ ಮೀನಾದ್ರೆ ಐದು, ಹತ್ತು ನಿಮಿಷ ಆಗಬಹುದು ಅಂದೆ.

"ಹತ್ತು ನಿಮಿಷ! ಅಷ್ಟೊತ್ತೂ ಅದು ಸಾಯ್ತೀನಿ ಅಂತ ತಿಳ್ಕಂಡಿರ್ತೈತಿ ನೋಡು. ನೀ ಬಿಡಾಂವ ಅಂತ ಅದಕ್ಕೇನ್ ಗೊತ್ತು?"

ಹಿಡಿದು ಬಿಡೋದರ ಬಗ್ಗೆ ನಾನು ಓದಿದ ಯಾವ ವಾದವೂ ಈ ಜಾಗಕ್ಕೆ ಬಂದಿರಲಿಲ್ಲ. ಕೊಲ್ಲಲ್ಲ ಅನ್ನೋ ನನ್ನ ಒಳ್ಳೆಯತನ ಇರೋದು ನನ್ನ ತಲೆಯೊಳಗೆ. ಗಾಳದ ಆ ಕಡೆ ಇರೋ ಜೀವಕ್ಕೆ ಅದು ತಲುಪೋದು ಎಲ್ಲ ಮುಗಿದ ಮೇಲೆ. ಅಲ್ಲಿಯವರೆಗೆ ನೀರುನಾಯಿಯ ಬಾಯಿಗೂ ನನ್ನ ರಾಡಿಗೂ ಅದರ ಪಾಲಿಗೆ ವ್ಯತ್ಯಾಸ ಏನು?

ಮೀನಿಗೆ ಹಾಗೆಲ್ಲ 'ತಿಳ್ಕೊಳ್ಳೋಕೆ' ಬರುತ್ತಾ ಅಂತ ಕೇಳಬಹುದು. ಇದು ಇನ್ನೂ ಜಗಳದಲ್ಲಿರೋ ವಿಷಯ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಜೊತೆಗಾರರು ಟ್ರೌಟ್ ಮೀನಿನ ತಲೆ, ಮುಖದ ಭಾಗದಲ್ಲಿ ನೋವಿಗೆ ಸ್ಪಂದಿಸುವ ನರತುದಿಗಳಿವೆ ಅಂತ ತೋರಿಸಿದರು. ತುಟಿಗೆ ಜೇನುನೊಣದ ವಿಷ ಚುಚ್ಚಿದಾಗ ಮೀನು ಮೇವು ಬಿಟ್ಟಿತು, ನಡವಳಿಕೆ ಬದಲಾಯಿತು. ಅದಕ್ಕೂ ಮೊದಲೇ ಜೇಮ್ಸ್ ರೋಸ್ ಎಂಬ ವಿಜ್ಞಾನಿ, ಮೀನಿನ ಮೆದುಳಲ್ಲಿ ನಮಗಿರುವ ನಿಯೋಕಾರ್ಟೆಕ್ಸ್ ಇಲ್ಲ, ಹಾಗಾಗಿ ನಾವು ಅನುಭವಿಸೋ ಅರ್ಥದ ನೋವು ಅದಕ್ಕಿಲ್ಲ ಅಂತ ವಾದಿಸಿದ್ದರು. ನನಗೆ ಇಬ್ಬರ ನಡುವೆ ತೀರ್ಪು ಕೊಡೋ ಯೋಗ್ಯತೆ ಇಲ್ಲ. ಆದ್ರೆ ಅನುಮಾನ ಇದ್ದಾಗ ಅದರ ಲಾಭ ನನ್ನ ವೀಕೆಂಡಿಗೆ ಸಿಗಬೇಕೋ ಮೀನಿಗೆ ಸಿಗಬೇಕೋ ಅಂದ್ರೆ ಉತ್ತರ ಅಷ್ಟು ಕಷ್ಟ ಅಲ್ಲ.

ಹಾಗಂತ ಹಳ್ಳಿಯವರದು ಹೊಟ್ಟೆಪಾಡು, ಪಟ್ಟಣದವರದು ಶೋಕಿ ಅಂತ ಗೆರೆ ಎಳೆಯೋಕೆ ನಾನು ತಯಾರಿಲ್ಲ. ದೊಡ್ಡಪ್ಪನದು ಹೊಟ್ಟೆಪಾಡು, ನಿಜ. ನಾವು ಹುಡುಗರದು ಅಲ್ಲ. ಮನೇಲಿ ಮುದ್ದೆ, ರೊಟ್ಟಿ ಇತ್ತು, ಬೆಂಡು ಮುಳುಗೋ ಆ ಕ್ಷಣಕ್ಕೇ ನಾವು ಬಿಸಿಲಲ್ಲಿ ಕೂತಿರ್ತಿದ್ದೆವು. ಸಾರು ಬರೀ ನೆಪ. ಹಳ್ಳಿಯ ಬಗ್ಗೆ ಹೀಗೆ ಹೇಳಿದರೆ ಬೆಂಗಳೂರಲ್ಲಿ ಕೂತ ಹಳ್ಳಿಯವರಿಗೇ ಸಿಟ್ಟು ಬರುತ್ತೆ, ಬರಲಿ.

ಊಟ ಬೇರೆ, ಆಟ ಬೇರೆ ಅನ್ನೋದನ್ನು ನಮ್ಮ ನಾಡಲ್ಲೇ ಒಬ್ಬ ರಾಜ ಒಂಬೈನೂರು ವರ್ಷದ ಹಿಂದೆ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮೀನಿನ ಅಡುಗೆ ಬರೋದು ಅನ್ನಭೋಗದ ಭಾಗದಲ್ಲಿ. ಗಾಳ ಹಾಕೋದು ಬರೋದು ಬೇರೆ ಕಡೆ, ವಿನೋದಗಳ ಪಟ್ಟಿಯಲ್ಲಿ, 'ಮತ್ಸ್ಯವಿನೋದ' ಅನ್ನೋ ಹೆಸರಲ್ಲಿ. ಯಾವ ಮೀನು, ಅದಕ್ಕೆ ಯಾವ ಮೇವು, ದಾರ ಹೇಗಿರಬೇಕು ಎಲ್ಲ ಇದೆ. ಸುಂದರ್ ಲಾಲ್ ಹೋರಾ ಎಂಬ ಮತ್ಸ್ಯವಿಜ್ಞಾನಿ 1951ರಲ್ಲಿ ಈ ಭಾಗದ ಮೇಲೆ ಲೇಖನ ಬರೆದರು. ನನಗೆ ಆ ರಾಜನ ಪ್ರಾಮಾಣಿಕತೆ ಇಷ್ಟ. ವಿನೋದ ಅಂದರೆ ವಿನೋದ. ನಾವು ಅದಕ್ಕೆ 'ಸಂರಕ್ಷಣೆ', 'ಮೈಂಡ್‌ಫುಲ್‌ನೆಸ್' ಅಂತೆಲ್ಲ ಹೆಸರಿಡ್ತೀವಿ.

ಇನ್ನೊಂದು ತುದಿಯಲ್ಲಿ ಜರ್ಮನಿ ಇದೆ. ಅಲ್ಲಿನ ಪ್ರಾಣಿದಯಾ ಕಾನೂನಿನ ಪ್ರಕಾರ ಪ್ರಾಣಿಗೆ ನೋವು ಕೊಡೋಕೆ ತಕ್ಕ ಕಾರಣ ಬೇಕು. ತಿನ್ನೋದು ಕಾರಣ. ಫೋಟೋ ತೆಗೆದು ಬಿಡೋದು ಕಾರಣ ಅಲ್ಲ. ಸ್ವಿಟ್ಜರ್ಲೆಂಡ್ ಇನ್ನೂ ಬಿಗಿ, ಬಿಡಬೇಕು ಅನ್ನೋ ಉದ್ದೇಶದಿಂದಲೇ ಹಿಡಿಯೋ ಹಾಗಿಲ್ಲ. ನಾವು ದಯೆ ಅಂದ್ಕೊಂಡಿದ್ದು ಅಲ್ಲಿ ಅಪರಾಧ.

ಆದರೆ ಆ ಕಾನೂನನ್ನು ಹಾಗೇ ತಂದು ಕಾವೇರಿ ದಂಡೆಯಲ್ಲಿ ಇಟ್ಟರೆ ಲೆಕ್ಕ ಕೂಡೋದಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡ್, ಅಂದರೆ ಸುಮಾರು 54 ಕಿಲೋದ ಮಹಶೀರ್ ಹಿಡಿದಿದ್ದರು. ಅಂಥ ಮೀನಿನ ವಂಶ ಆಮೇಲೆ ಡೈನಮೈಟಿಗೆ, ಅಣೆಕಟ್ಟುಗಳಿಗೆ ಸಿಕ್ಕಿ ಕರಗಿತು. ಗಾಲಿಬೋರೆಯಂಥ ಕಡೆ ಹಿಡಿದು ಬಿಡುವ ಶಿಬಿರಗಳು ನಡೆದಾಗ, ಹಿಂದೆ ಕಳ್ಳಬೇಟೆ ಮಾಡ್ತಿದ್ದ ಕೆಲವರೇ ಅಲ್ಲಿ ಮಾರ್ಗದರ್ಶಿಗಳಾದರು. ಅಲ್ಲಿ ಗಾಳ ಹಾಕಿದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದಲೇ, ಕಿತ್ತಳೆ ಬಣ್ಣದ ರೆಕ್ಕೆಯ ಗೂನುಬೆನ್ನಿನ ಮಹಶೀರ್ ಕಡಿಮೆಯಾಗಿ ಹೊರಗಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಆ ಜಾಗ ತುಂಬಿದ್ದು ವಿಜ್ಞಾನಿಗಳಿಗೆ ಗೊತ್ತಾಯಿತು. 2018ರಲ್ಲಿ ಆ ಗೂನುಬೆನ್ನಿನ ಮೀನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಕೆಂಪುಪಟ್ಟಿ ಸೇರಿತು. ಗಾಳ ಇಲ್ಲದಿದ್ದರೆ ಇದನ್ನು ಎಣಿಸೋರೇ ಇರಲಿಲ್ಲ. ಈಗ ವನ್ಯಧಾಮದೊಳಗೆ ಗಾಳ ಹಾಕೋದು ನಿಂತಿದೆ.

ಅಂದರೆ ಬಿಡುವ ಉದ್ದೇಶಕ್ಕೂ ಬೆಲೆ ಇದೆ, ಆದರೆ ಅದು ನದಿಗೆ, ಜಾತಿಗೆ ಸಿಗುವ ಬೆಲೆ. ಈಗ ಗಾಳದಲ್ಲಿರುವ ಈ ಒಂದು ಮೀನಿಗೆ ಸಲ್ಲಬೇಕಾದ ಲೆಕ್ಕ ಬೇರೆ, ಅದನ್ನು ನಿಮಿಷಗಳಲ್ಲೇ ಅಳೆಯಬೇಕು. ಇಲ್ಲಿ ರಾಡಿನ ನಂಬರು ಮತ್ತೆ ಬರುತ್ತೆ.

ಮೆದು ರಾಡಿನಿಂದ ಹೆಚ್ಚು ಬಲ ಹಾಕೋಕಾಗಲ್ಲ. ಗೇಣುದ್ದದ ಮೀನಾದರೆ ಅರ್ಧ ನಿಮಿಷದಲ್ಲಿ ಬರುತ್ತೆ, ಚಿಂತೆ ಇಲ್ಲ. ಆದರೆ ಹಳ್ಳದ ಮಡುವಿನಲ್ಲಿ ಎರಡು ಕಿಲೋದ ಮೀನೂ ಇರಬಹುದು, ಹುಸಿ ಹುಳ ಯಾರಿಗೆ ಅಂತ ಹೆಸರು ಬರೆದಿರಲ್ಲ. ಅದು ಕಚ್ಚಿದರೆ ಮೂರನೇ ನಂಬರಿನ ರಾಡ್ ಅದನ್ನು ಎಳೆಯೋದಿಲ್ಲ, ದಣಿಸುತ್ತೆ. ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತೆ. ನಮ್ಮ ಕಡೆಯ ಏಪ್ರಿಲ್‌ನ ಬೆಚ್ಚನೆ ನೀರಲ್ಲಿ ಆಮ್ಲಜನಕ ಮೊದಲೇ ಕಮ್ಮಿ. ಆಮೇಲೆ ಫೋಟೋಗೆ ಅಂತ ಮೇಲೆತ್ತಿ ಹಿಡೀತೀವಿ. 1992ರಲ್ಲಿ ಪ್ರಕಟವಾದ ಕೆನಡಾದ ಫರ್ಗುಸನ್ ಮತ್ತು ಟಫ್ಟ್ಸ್ ಅವರ ಪ್ರಯೋಗದಲ್ಲಿ, ಚೆನ್ನಾಗಿ ದಣಿಸಿದ ಟ್ರೌಟ್‌ಗಳನ್ನು 30 ಸೆಕೆಂಡು ನೀರಿನಿಂದ ಹೊರಗಿಟ್ಟಾಗ 38% ಸತ್ತವು, 60 ಸೆಕೆಂಡು ಇಟ್ಟಾಗ 72%. ಈಜಿಕೊಂಡು ಹೋಯ್ತು ಅಂತ ನಾವು ಖುಷಿಯಾಗಿ ಸ್ಟೇಟಸ್ ಹಾಕುವ ಹೊತ್ತಿಗೆ ಅದು ಯಾವುದೋ ಕಲ್ಲಿನ ಕೆಳಗೆ ಮಗುಚಿರಬಹುದು.

ನಮ್ಮ ಕೆಲಸದಲ್ಲಿ ಸರ್ವರನ್ನು ಸರಾಸರಿ ಲೋಡಿಗೆ ಯಾರೂ ಕಟ್ಟೋದಿಲ್ಲ, ಅತಿ ಕೆಟ್ಟ ದಿನಕ್ಕೆ ಕಟ್ಟುತ್ತೀವಿ. ಗಾಳದ ವಿಷಯದಲ್ಲಿ ಮಾತ್ರ ಅತಿ ಚಿಕ್ಕ ಮೀನು ಮಜಾ ಕೊಡಲಿ ಅಂತ ರಾಡ್ ಆರಿಸ್ತೀವಿ. ಆ ಮಜಾದ ಬಿಲ್ಲು ಯಾರ ಹೆಸರಿಗೆ ಹೋಗುತ್ತೆ ಅನ್ನೋದೇ ನನ್ನ ಪ್ರಶ್ನೆ. ಹಳ್ಳದಲ್ಲಿ ಇರಬಹುದಾದ ಅತಿ ದೊಡ್ಡ ಮೀನನ್ನು ಬೇಗ ದಡಕ್ಕೆ ತರುವ ರಾಡ್ ಯಾವುದೋ ಅದನ್ನೇ ಕೊಳ್ಳಬೇಕು ಅಂತೀನಿ. ಸಣ್ಣ ಮೀನು ಸಿಕ್ಕಾಗ ಕೈಗೆ ಏನೂ ಗೊತ್ತಾಗಲ್ಲ, ಸರಿ. ಗೊತ್ತಾಗದಿದ್ದರೆ ಏನು ಹೋಯ್ತು?

ಸಂಡೂರಿನ ಗೆಳೆಯನೊಬ್ಬ ಇದನ್ನು ಕೇಳಿ ರೇಗಿದ. ನಾರಿಹಳ್ಳದ ದಂಡೆಯಲ್ಲಿ ಬೆಳೆದವನು. "2011ರಲ್ಲಿ ಸುಪ್ರೀಂ ಕೋರ್ಟ್ ಬಂದು ಗಣಿ ನಿಲ್ಲಿಸೋವರೆಗೂ ಗುಡ್ಡದ ಕೆಂಪುಮಣ್ಣೆಲ್ಲ ಹಳ್ಳಕ್ಕೇ ಬಂತು. ನೀನು ರಾಡ್ ನಂಬರ್ ಎಣಿಸ್ತಾ ಕೂತಿದ್ದೀಯ." ಅವನ ಸಿಟ್ಟು ನ್ಯಾಯವಾದದ್ದೇ. ಆದರೆ ದೊಡ್ಡ ಬಗ್ ಇದೆ ಅಂತ ಸಣ್ಣ ಬಗ್‌ಗಳನ್ನೆಲ್ಲ ಕ್ಲೋಸ್ ಮಾಡೋ ಮ್ಯಾನೇಜರನ್ನು ಅವನೂ ನೋಡಿದ್ದಾನೆ, ನಾನೂ ನೋಡಿದ್ದೀನಿ. ಗಣಿಗೆ ನಾನು ಸಹಿ ಹಾಕಿರಲಿಲ್ಲ. ರಾಡನ್ನು ಕಾರ್ಟಿಗೆ ಹಾಕಿದ ಬೆರಳು ಮಾತ್ರ ನನ್ನದೇ.

ಈಗ ನನ್ನ ಹತ್ತಿರ ಇರೋದು ಏಳೂವರೆ ಅಡಿಯ ಐದನೇ ನಂಬರ್. ಸಣ್ಣ ಹಳ್ಳಕ್ಕೆ ಇದು ದಪ್ಪ ಆಯ್ತು ಅಂತ ಬಲ್ಲವರು ನಗ್ತಾರೆ. ಗಾಳದ ಮರುಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡ್ತೀನಿ, ಬಾಯಿಂದ ಸುಲಭವಾಗಿ ಬಿಡುತ್ತೆ. ಮೀನನ್ನು ನೀರಿನಿಂದ ಎತ್ತೋದಿಲ್ಲ, ಹಾಗಾಗಿ ತೋರಿಸೋಕೆ ಫೋಟೋ ಇಲ್ಲ. ಬೇಸಿಗೆಯಲ್ಲಿ ರಾಡ್ ಅಟ್ಟದ ಮೇಲೆ. ತುಂಗಭದ್ರಾ ಅಣೆಕಟ್ಟಿನ ಕೆಳಗಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಮೀಸಲು ಪ್ರದೇಶ. ಊರಿಗೆ ಹೋದಾಗ ಅಲ್ಲಿ ರಾಡ್ ಬಿಚ್ಚೋದಿಲ್ಲ. ಅಲ್ಲಿನ ಮೀನು ನೀರುನಾಯಿಗೆ, ದೊಡ್ಡಪ್ಪನಂಥವರಿಗೆ ಊಟ, ನನಗೆ ಬರೀ ಆಟ.