ಹೆಚ್ಚಿಗೆ ಬಂದ ಅಕ್ಕಿ

ಬೆಳಗಾವಿಯ ಆಟೋ ನಗರಕ್ಕೆ ಹೊರಗಿನವರು ಹೋಗುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಗಾಡಿ ಕೆಟ್ಟಾಗ, ಇಲ್ಲವೆ ಅಲ್ಲಿರುವ ಕೆಎಸ್‌ಸಿಎ ಮೈದಾನದಲ್ಲಿ ಕ್ರಿಕೆಟ್ ನಡೆದಾಗ. ತತ್ತ್ವ ಕೇಳಲು ಯಾರೂ ಹೋಗುವುದಿಲ್ಲ. ಆದರೂ ಕೆಲಸ, ದುಡ್ಡು, ತಾನು ಎಂಬ ಮೂರರ ನಡುವಿನ ತಕರಾರನ್ನು ಅರಿಯಲು ಗ್ಯಾರೇಜಿಗಿಂತ ಒಳ್ಳೆಯ ಜಾಗ ನನಗೆ ಹೊಳೆಯುತ್ತಿಲ್ಲ.

ಒಬ್ಬ ಮಿಸ್ತ್ರಿಯನ್ನು ಊಹಿಸಿಕೊಳ್ಳಿ. ಪಾನಾ ಎತ್ತಿಕೊಡುವ ಹುಡುಗನಾಗಿ ಸೇರಿ, ಉಸ್ತಾದನ ಬೈಗುಳ ತಿಂದು, ಕೆಲಸ ಕಲಿತು, ಈಗ ಸ್ವಂತದ್ದೊಂದು ಶೆಡ್ ಇಟ್ಟವನು. ಎಂಜಿನ್ನಿನ ಸದ್ದು ಕೇಳಿ ಒಳಗೆ ಏನಾಗಿದೆಯೆಂದು ಹೇಳಬಲ್ಲ. ಖಾನಾಪುರದ ಕಡೆಯಿಂದ ಗಿರಾಕಿಯೊಬ್ಬ ಪಿಕಪ್ ಗಾಡಿ ತಂದಿದ್ದಾನೆ. ಕ್ಲಚ್ ಪ್ಲೇಟ್ ಸವೆದಿದೆ, ನಿಜ. ಆದರೆ ಸ್ವಲ್ಪ ಅಡ್ಜಸ್ಟ್ ಮಾಡಿಕೊಟ್ಟರೆ ಇನ್ನೂ ಆರು ತಿಂಗಳು ಓಡುತ್ತದೆ ಎಂದು ಮಿಸ್ತ್ರಿಗೆ ಗೊತ್ತು. ಹೊಸದು ಹಾಕಿದರೆ ಸ್ಪೇರ್‌ಪಾರ್ಟ್ಸ್ ಅಂಗಡಿಯಿಂದ ಅವನಿಗೆ ಕಮಿಷನ್ ಬರುತ್ತದೆ. ಬರಿ ಅಡ್ಜಸ್ಟ್ ಮಾಡಿದರೆ ಲೇಬರ್ ಚಾರ್ಜು ಮಾತ್ರ, ಅದರಲ್ಲೂ ಚೌಕಾಸಿ.

“ಪ್ಲೇಟ್ ಬದ್ಲಿ ಮಾಡ್ಬೇಕೇನ್ರೀ?” ಎಂದು ಗಿರಾಕಿ ಕೇಳುತ್ತಾನೆ.

ಈಗ ಉತ್ತರ ಹೇಳುವವರು ಯಾರು? ಸದ್ದು ಕೇಳಿದ ಕಿವಿಯೆ, ಬರಲಿರುವ ಕಮಿಷನ್ನೆ, ತಿಂಗಳ ಐದನೆಯ ತಾರೀಖು ಕಟ್ಟಬೇಕಾದ ಸಾಲದ ಕಂತೆ? ಬಾಯಿ ಮಿಸ್ತ್ರಿಯದೇ. ಮಾತು ಮಾತ್ರ ಮೂವರಲ್ಲಿ ಯಾರದಾದರೂ ಆಗಬಹುದು. ತತ್ತ್ವಶಾಸ್ತ್ರ ‘ತನ್ನತನ’, ‘ಕರ್ತೃತ್ವ’ ಎಂದು ಕರೆಯುವ ಎರಡು ದೊಡ್ಡ ಸಂಗತಿಗಳು ಇರುವುದು ಈ ಸಣ್ಣ ಜಾಗದಲ್ಲೇ. ನಾನು ಆಡುವ ಮಾತು ನನ್ನದಾಗಿರುವುದು ತನ್ನತನ. ನಾನು ಮಾಡುವ ಕೆಲಸದ ನಿರ್ಧಾರ ನನ್ನದಾಗಿರುವುದು ಕರ್ತೃತ್ವ.

ಮಿಸ್ತ್ರಿ ಪ್ಲೇಟ್ ಬದಲಾಯಿಸಿದ ಅಂದುಕೊಳ್ಳೋಣ. ಯಾಕಪ್ಪಾ ಎಂದರೆ ಅವನಲ್ಲಿ ಎರಡು ಸಬೂಬು ಸಿದ್ಧವಾಗಿರುತ್ತವೆ. ಮೊದಲನೆಯದು: “ಎಲ್ಲಾರೂ ಹಿಂಗ ಮಾಡ್ತಾರ್ರೀ.” ಜರ್ಮನಿಯ ಹೈಡೆಗರ್ 1927ರಲ್ಲಿ ಬರೆದ ದೊಡ್ಡ ಗ್ರಂಥದಲ್ಲಿ ಹಿಡಿದದ್ದು ಈ ‘ಎಲ್ಲಾರೂ’ವನ್ನೇ. ನಾವು ಉಣ್ಣುವುದು, ಉಡುವುದು, ಸಿಟ್ಟಾಗುವುದು ಕೂಡ ‘ಎಲ್ಲರೂ’ ಮಾಡುವ ರೀತಿಯಲ್ಲೇ. ಆದರೆ ಈ ‘ಎಲ್ಲರೂ’ ಯಾರು ಎಂದು ಹುಡುಕಿದರೆ ಒಬ್ಬನೂ ಸಿಗುವುದಿಲ್ಲ. ಹೊಣೆ ಹೊರುವ ಸಮಯ ಬಂದಾಗ ಅವನು ಊರಲ್ಲಿರುವುದಿಲ್ಲ. ಎರಡನೆಯ ಸಬೂಬು ಇನ್ನೂ ಗಟ್ಟಿ: “ನಾ ಏನ್ ಮಾಡ್ಲಿರೀ, ಈ ದಂಧೇನ ಹಿಂಗ.” ಫ್ರಾನ್ಸಿನ ಸಾರ್ತ್ರ್ 1943ರಲ್ಲಿ ಹೋಟೆಲ್ ಮಾಣಿಯೊಬ್ಬನನ್ನು ವರ್ಣಿಸಿದ. ಆ ಮಾಣಿಯ ನಡಿಗೆ ಅತಿ ಚುರುಕು, ಬಾಗುವಿಕೆ ಅತಿ ವಿನಯ. ಅವನು ಮಾಣಿಯಾಗಿರುವುದಕ್ಕಿಂತ ಮಾಣಿಯ ಪಾತ್ರ ಮಾಡುತ್ತಿದ್ದಾನೆ, ತನಗೆ ಬೇರೆ ಆಯ್ಕೆಯೇ ಇಲ್ಲ ಎಂಬಂತೆ ಪಾತ್ರದೊಳಗೆ ಅಡಗಿದ್ದಾನೆ ಎನ್ನುತ್ತಾನೆ ಸಾರ್ತ್ರ್. ದಂಧೆಯೇ ಹೀಗೆ ಎನ್ನುವಾಗ ಮಿಸ್ತ್ರಿಯೂ ಅದನ್ನೇ ಮಾಡುತ್ತಾನೆ. ತೀರ್ಮಾನ ತನ್ನದು, ಹೆಸರು ದಂಧೆಯದು.

ಇಲ್ಲಿಯವರೆಗೆ ಯುರೋಪಿನವರು ಸರಿಯಾಗಿಯೇ ಹೇಳಿದರು. ಮುಂದೆ ಅವರ ಮಾತು ನಮ್ಮ ಕಾಲಕ್ಕೆ ತಲುಪುವ ಹೊತ್ತಿಗೆ ಕೆಟ್ಟಿತು. ‘ನಿನಗೆ ಇಷ್ಟವಾದ ಕೆಲಸ ಹುಡುಕಿಕೋ, ಆಗ ನೀನು ನೀನಾಗುತ್ತೀ’ ಎಂಬ ಉಪದೇಶ ಈಗ ಕಾಲೇಜಿನ ಬೀಳ್ಕೊಡುಗೆ ಭಾಷಣದಿಂದ ಹಿಡಿದು ಜಾಹೀರಾತಿನವರೆಗೆ ಸಿಗುತ್ತದೆ. ಕೆನಡಾದ ಚಾರ್ಲ್ಸ್ ಟೇಲರ್ 1991ರಲ್ಲಿ ಇದಕ್ಕೆ ತಕರಾರು ತೆಗೆದ: ನನ್ನ ಆಯ್ಕೆಗೆ ತೂಕ ಬರಬೇಕಾದರೆ, ನಾನು ಆಯ್ದುಕೊಳ್ಳದ, ನನಗಿಂತ ದೊಡ್ಡದಾದ ಯಾವುದೋ ಒಂದರ ಎದುರು ಅದು ನಿಲ್ಲಬೇಕು, ಬರಿ ನನ್ನ ಇಷ್ಟ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ನನಗಂತೂ ಇಷ್ಟದ ಉಪದೇಶದಲ್ಲಿ ಇನ್ನೊಂದು ಕೊರತೆ ಕಾಣುತ್ತದೆ. ಅದು ಕೆಲಸದ ಬಗ್ಗೆ ಮಾತಾಡುತ್ತದೆ, ದುಡ್ಡಿನ ಬಗ್ಗೆ ಬಾಯಿ ಬಿಡುವುದಿಲ್ಲ. ಉದ್ಯಮಬಾಗದ ಫೌಂಡ್ರಿಯಲ್ಲಿ ಕಾದ ಕಬ್ಬಿಣದ ಮುಂದೆ ಪಾಳಿ ಮಾಡುವವನಿಗೆ ‘ಇಷ್ಟದ ಕೆಲಸ ಹುಡುಕು’ ಎನ್ನುವುದು ತಮಾಷೆಯೂ ಅಲ್ಲ.

ಕೆಲಸವನ್ನೂ ದುಡ್ಡನ್ನೂ ಒಟ್ಟಿಗೆ ಇಟ್ಟು ಯೋಚಿಸಿದವರು ನಮ್ಮಲ್ಲೇ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿದ್ದರು. ಇದು ಆಕಸ್ಮಿಕವಲ್ಲ. ಅವರ ನಡುವೆ ನಿಂತ ಬಸವಣ್ಣ ಮೊದಲು ಮಂಗಳವಾಡದಲ್ಲಿ ಕರಣಿಕ, ಆಮೇಲೆ ಬಿಜ್ಜಳನ ಭಂಡಾರಿ. ದಿನವೂ ಹಣ ಎಣಿಸುವ ಕೆಲಸ. ಸುತ್ತ ನೆರೆದವರು ಮಡಿವಾಳ, ಅಂಬಿಗ, ಹಗ್ಗ ಹೊಸೆಯುವವನು, ಸೌದೆ ಮಾರುವವನು. ಕಾಯಕ ಎಂದರೆ ದುಡಿಮೆ, ದಾಸೋಹ ಎಂದರೆ ದಾನ ಎಂದು ನಾವು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇವೆ. ಎರಡೂ ಅರ್ಧ ಸತ್ಯ. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಮಾತನ್ನು ಲಾರಿಯ ಹಿಂದೆ, ಕಚೇರಿಯ ಗೋಡೆಯ ಮೇಲೆ ಬರೆಸಿದ್ದೇವೆ, ಬಸವಣ್ಣನದೆಂದು ನಂಬಿದ್ದೇವೆ. ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಆ ಮಾತನ್ನು ಗೋಡೆಗೆ ಹಾಕುವ ಮಾಲೀಕರು ಮಾರಯ್ಯನ ಹೆಂಡತಿಯ ಮಾತನ್ನು ಹಾಕುವುದಿಲ್ಲ. ಹಾಕಿದರೆ ಕಷ್ಟ.

ಮಾರಯ್ಯ, ಲಕ್ಕಮ್ಮ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಬಡ ದಂಪತಿ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಬೇಯಿಸಿ ಜಂಗಮರಿಗೆ ಬಡಿಸಿ ತಾವೂ ಉಣ್ಣುವುದು ಅವರ ಬದುಕು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇದು ಎಲ್ಲಿಂದ ಬಂತೆಂದು ಕೇಳಿದಳು. ನಮಗೆ ಎಂದಿನಷ್ಟೇ ಸಾಕು, ಮಿಕ್ಕಿದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಆಸೆ ಅರಸರಿಗಿರಲಿ ಎಂಬ ಧಾಟಿಯಲ್ಲಿ ಗಂಡನನ್ನು ಗದರಿಸಿದಳು.

ಈ ಕಥೆಯನ್ನು ನಾವು ‘ದುರಾಸೆ ಬೇಡ’ ಎಂಬ ಪಾಠವಾಗಿ ಮಕ್ಕಳಿಗೆ ಹೇಳಿ ಮುಗಿಸುತ್ತೇವೆ. ಸ್ವಲ್ಪ ನಿಂತು ನೋಡಿದರೆ ವಿಷಯ ಬೇರೆಯೇ ಇದೆ. ಮಾರಯ್ಯ ಕದ್ದಿರಲಿಲ್ಲ. ಅಕ್ಕಿ ನೆಲಕ್ಕೆ ಬಿದ್ದದ್ದು, ಯಾರದೂ ಅಲ್ಲ. ಯಾರಿಗೂ ನಷ್ಟವಿಲ್ಲ. ತಂದದ್ದು ಜಂಗಮರ ಹೊಟ್ಟೆಗೇ ಹೋಗುತ್ತಿತ್ತು. ಇವತ್ತಿನ ಯಾವ ವಕೀಲನೂ, ಯಾವ ಲೆಕ್ಕಪರಿಶೋಧಕನೂ ಇದರಲ್ಲಿ ತಪ್ಪು ತೋರಿಸಲಾರ. ಹಾಗಿದ್ದರೆ ಲಕ್ಕಮ್ಮ ಕಂಡ ದೋಷ ಯಾವುದು? ಆ ದಿನದ ಅಕ್ಕಿಯ ಅಳತೆಯನ್ನು ಅವರ ದುಡಿಮೆ ನಿರ್ಧರಿಸಿರಲಿಲ್ಲ, ಅವರ ಅಗತ್ಯವೂ ನಿರ್ಧರಿಸಿರಲಿಲ್ಲ. ಅಂಗಳದಲ್ಲಿ ಎಷ್ಟು ಬಿದ್ದಿತ್ತು ಎಂಬುದು ನಿರ್ಧರಿಸಿತ್ತು. ಸಿಕ್ಕಿತೆಂದು ತಂದ ದಿನ ಅಕ್ಕಿಯೇ ಯಜಮಾನ, ಮಾರಯ್ಯ ಅದನ್ನು ಹೊತ್ತು ತಂದ ಆಳು. ಈ ಸೂಕ್ಷ್ಮ ಲಕ್ಕಮ್ಮನಿಗೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಮನೆಗೆ ಎಷ್ಟು ಬೇಕೆಂಬ ಅಳತೆ ಒಲೆಯ ಮುಂದೆ ಕೂತವರಿಗೆ ಗೊತ್ತಿರುತ್ತದೆ.

ಕಾಯಕದ ಜೀವಾಳ ಈ ಅಳತೆಯಲ್ಲಿದೆ. ಗೀತೆಯ ಕರ್ಮಯೋಗ ಫಲದ ಆಸೆಯನ್ನು ಬಿಡು ಎನ್ನುತ್ತದೆ. ಕಾಯಕ ಅದರ ಪಕ್ಕದ ಮನೆಯಂತೆ ಕಂಡರೂ ದಾರಿ ಬೇರೆ: ಫಲವನ್ನು ಸರಿಯಾಗಿ ನೋಡು, ಎಷ್ಟು ನಿನ್ನದು, ಎಷ್ಟು ಅಲ್ಲ ಎಂದು ಲೆಕ್ಕ ಹಾಕು ಎನ್ನುತ್ತದೆ. ಕೂಲಿ ಬೇಡವೆನ್ನುವುದಿಲ್ಲ, ತಕ್ಕ ಕೂಲಿ ಬೇಕೇ ಬೇಕು. ಮ್ಯಾಕ್ಸ್ ವೇಬರ್ 1904–05ರಲ್ಲಿ ಯುರೋಪಿನ ಪ್ರಾಟೆಸ್ಟಂಟರ ದುಡಿಮೆಯ ನೀತಿಯನ್ನು ವಿವರಿಸಿದ ಮೇಲೆ ಕಾಯಕವನ್ನು ಅದರೊಂದಿಗೆ ಹೋಲಿಸುವ ರೂಢಿ ಬೆಳೆಯಿತು. ಆದರೆ ಅಲ್ಲಿ ಮಿಕ್ಕ ಹಣ ಮತ್ತೆ ಬಂಡವಾಳವಾಯಿತು, ಇಲ್ಲಿ ದಾಸೋಹಕ್ಕೆ ಹೋಯಿತು. ಶರಣರ ಕಠೋರತೆಯೂ ಸಾಮಾನ್ಯದ್ದಲ್ಲ. ಗುರು, ಲಿಂಗ, ಜಂಗಮ ಯಾರೇ ಆದರೂ ಕಾಯಕದಿಂದಲೇ ಬಿಡುಗಡೆ ಎಂದ ಹಗ್ಗ ಹೊಸೆಯುವ ನುಲಿಯ ಚಂದಯ್ಯ. ದೇವರಿಗೂ ರಜೆಯಿಲ್ಲ.

ಖಾನಾಪುರದವರಿಗೆ ಈ ಪರಂಪರೆ ದೂರದ್ದಲ್ಲ. ಕಲ್ಯಾಣ ಕ್ರಾಂತಿಯ ನಂತರ ಉಳವಿಯ ಕಡೆಗೆ ಹೊರಟ ಶರಣರ ಜೊತೆಗಿದ್ದ ಡೋಹರ ಕಕ್ಕಯ್ಯ, ಬೆನ್ನಟ್ಟಿ ಬಂದ ಸೈನ್ಯದೊಂದಿಗೆ ಹೋರಾಡಿ ಐಕ್ಯನಾದದ್ದು ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಎಂದು ಜನ ನಂಬುತ್ತಾರೆ. ಚರ್ಮ ಹದ ಮಾಡುವ ಈ ಶರಣನ ಮನೆಯವನು ತಾನೆಂದು ಬಸವಣ್ಣ ಹೇಳಿಕೊಂಡ. ಅದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಆದರೆ ಕಕ್ಕಯ್ಯನ ಹೆಸರು ಬಂದಲ್ಲಿ ಒಂದು ಕಷ್ಟದ ಪ್ರಶ್ನೆಯೂ ಬರುತ್ತದೆ, ಅದನ್ನು ಹಾರಿಸಿ ಹೋಗುವುದು ಅಪ್ರಾಮಾಣಿಕತೆ. ಎಲ್ಲ ಕಾಯಕವೂ ಸಮಾನ ಎನ್ನುವುದು ಚರ್ಮ ಹದ ಮಾಡುವವನಿಗೆ ಗೌರವ ಕೊಡುತ್ತದೆ; ಅದೇ ಮಾತು, ಅವನ ಮಗನೂ ಮೊಮ್ಮಗನೂ ಅದನ್ನೇ ಮಾಡಿಕೊಂಡಿರಲಿ ಎನ್ನುವವರ ಕೈಗೂ ಒದಗುತ್ತದೆ. ಲಾಹೋರಿನ ಸಭೆಗೆಂದು ಬರೆದು, ಸಭೆಯೇ ರದ್ದಾಗಿ, 1936ರಲ್ಲಿ ತಾವೇ ಅಚ್ಚು ಹಾಕಿಸಿದ ಭಾಷಣದಲ್ಲಿ ಅಂಬೇಡ್ಕರ್ ಜಾತಿಯು ದುಡಿಮೆಯ ಹಂಚಿಕೆಯಷ್ಟೇ ಅಲ್ಲ, ದುಡಿಯುವವರನ್ನೇ ಹೋಳು ಮಾಡುವ ವ್ಯವಸ್ಥೆ ಎಂದು ತೋರಿಸಿದರು. ಕೆಲಸವನ್ನು ಬಿಡುವ ಹಕ್ಕಿಲ್ಲದವನಿಗೆ ಅದರಲ್ಲಿ ತನ್ನತನವಿದೆ ಎಂದು ಬೋಧಿಸುವುದು ಅನ್ಯಾಯ. ಆದ್ದರಿಂದ ಕಾಯಕದ ಮಾತಿಗೆ ಒಂದು ಷರತ್ತು ಕಟ್ಟಲೇಬೇಕು: ಬೇಡ ಎನ್ನಲು ಜಾಗವಿರಬೇಕು. ಬಾಗಿಲು ತೆರೆದಿದ್ದೂ ಒಳಗೆ ಉಳಿದವನದ್ದು ಕಾಯಕ. ಮುಚ್ಚಿದ ಬಾಗಿಲ ಒಳಗಿನದ್ದಕ್ಕೆ ಬೇರೆ ಹೆಸರಿದೆ.

ಆ ಜಾಗ ಇದ್ದಲ್ಲಿ ಇಷ್ಟದ ಪ್ರಶ್ನೆ ತಾನಾಗಿ ಬಗೆಹರಿಯುವುದುಂಟು. ಮಣ್ಣಿಗೆ ಹೆಸರಾದ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೇ ಇದೆ. ಅಲ್ಲಿ ಯಾರಾದರೂ ಹರಿಹರ ಬರೆದ ಕುಂಬಾರ ಗುಂಡಯ್ಯನ ರಗಳೆಯನ್ನು ಓದಿಸುತ್ತಾರೆಯೆ? ಗುಂಡಯ್ಯ ಮಡಕೆ ಬಡಿಯುವ ಸದ್ದಿಗೆ ಶಿವನೇ ಕುಣಿಯುತ್ತಾನೆ. ಗುಂಡಯ್ಯ ಇಷ್ಟದ ಕೆಲಸ ಹುಡುಕಿಕೊಂಡು ಹೋದವನಲ್ಲ. ಬಡಿಯುತ್ತ ಬಡಿಯುತ್ತ ಕೈಗೆ ತಾಳ ಸಿಕ್ಕಿತು.

ಮತ್ತೆ ನಮ್ಮ ಮಿಸ್ತ್ರಿಯ ದುಡ್ಡಿಗೆ ಬರೋಣ. ಕಮಿಷನ್ ಅವನ ಹೆಚ್ಚಿಗೆ ಬಂದ ಅಕ್ಕಿ. ಕದ್ದದ್ದಲ್ಲ, ನಿಯಮ ಮುರಿದದ್ದಲ್ಲ, ಆದರೆ ಅವನ ಕಿವಿ ಹೇಳಿದ್ದನ್ನು ಬಾಯಿ ಹೇಳದಂತೆ ಮಾಡುವಂಥದ್ದು. ಅದನ್ನು ಸುರಿದು ಬರಲು ಅವನಿಂದ ಆದೀತೆ? ಲಕ್ಕಮ್ಮನಿಗೆ ಸಾಧ್ಯವಾದದ್ದು ಅವಳ ಅಗತ್ಯ ಚಿಕ್ಕದಿದ್ದದ್ದರಿಂದ ಮತ್ತು ಅವಳ ತಲೆಯ ಮೇಲೆ ಶೆಡ್ಡಿನ ಬಾಡಿಗೆ, ಮಗಳ ಫೀಸು, ವಾಹನ ಸಾಲ ಇರದಿದ್ದದ್ದರಿಂದ. ಕಂತು ಬಾಕಿ ಇರುವವನ ಪ್ರಾಮಾಣಿಕತೆಗೆ ಖರ್ಚು ಜಾಸ್ತಿ. ಈ ವಿಷಯದಲ್ಲಿ ನನಗೆ ಸಾರ್ತ್ರ್‌ಗಿಂತ ಕರಾವಳಿಯ ಬ್ಯಾಂಕಿನವರ ಬುದ್ಧಿ ದೊಡ್ಡದೆನಿಸುತ್ತದೆ. ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ದಿನಕ್ಕೆ ಎರಡಾಣೆ, ಮನೆಬಾಗಿಲಿಗೇ ಬಂದು ಒಯ್ಯುವ ಏಜೆಂಟ. ಇವತ್ತಿಗೂ ಅಂಗಡಿ, ಗ್ಯಾರೇಜುಗಳ ಸಾಲಿನಲ್ಲಿ ಪಿಗ್ಮಿಯವರು ಸುತ್ತುತ್ತಾರೆ. ನೋಡಲು ಇದು ಉಳಿತಾಯ. ಒಳಗೆ ನೋಡಿದರೆ, ಒಂದು ದಿನ ಒಂದು ಕೆಲಸಕ್ಕೆ ‘ಇಲ್ಲ’ ಎನ್ನಲು ಮಿಸ್ತ್ರಿ ಕೂಡಿಟ್ಟುಕೊಳ್ಳುವ ಧೈರ್ಯ. ಮೂರು ತಿಂಗಳ ಖರ್ಚು ಕೈಯಲ್ಲಿರುವವನ ತನ್ನತನಕ್ಕೂ ನಾಳೆಯದ್ದಕ್ಕೆ ಸಾಲ ಕೇಳುವವನ ತನ್ನತನಕ್ಕೂ ವ್ಯತ್ಯಾಸವಿದೆ. ಇದನ್ನು ಒಪ್ಪದ ತತ್ತ್ವ ಹೊಟ್ಟೆ ತುಂಬಿದವರ ತತ್ತ್ವ.

ಹಾಗೆಂದು ಎಲ್ಲವೂ ಪರಿಸ್ಥಿತಿಯ ಕೈಯಲ್ಲಿದೆ ಎಂದರೆ ಮತ್ತೆ ‘ದಂಧೇನ ಹಿಂಗ’ ಎಂಬಲ್ಲಿಗೇ ಬಂದೆವು. ಖಾನಾಪುರ ರಸ್ತೆಯ ಮಚ್ಛೆಯಲ್ಲಿ ಹೈಡ್ರಾಲಿಕ್ ಪಂಪು, ವಾಲ್ವು ಮಾಡುವ ಪಾಲಿಹೈಡ್ರಾನ್ ಕಂಪನಿಯನ್ನು ಕಟ್ಟಿದ ಸುರೇಶ ಹುಂದ್ರೆ, ಪ್ರಾಮಾಣಿಕವಾಗಿ ನಡೆದೂ ಉದ್ಯಮ ಲಾಭ ಮಾಡಬಲ್ಲದು ಎಂದು ವೇದಿಕೆ ವೇದಿಕೆಗಳಲ್ಲಿ ಹೇಳಿದವರು. ಅವರು ಮಾಲೀಕರು, ಅವರಿಗೆ ಜಾಗವಿತ್ತು ಎನ್ನಬಹುದು. ನಿಜವೇ. ಆದರೆ ಜಾಗವಿದ್ದ ಎಷ್ಟೋ ಮಾಲೀಕರು ಹಾಗೆ ನಡೆಯಲಿಲ್ಲ ಎಂಬುದೂ ನಿಜ.

ಇನ್ನು ಗಿರಾಕಿಯ ಪಾಲು. ಲೇಬರ್ ಚಾರ್ಜಿನಲ್ಲಿ ನೂರು ರೂಪಾಯಿ ಕಡಿಮೆ ಮಾಡಿಸಿಕೊಂಡು ಗೆದ್ದೆವೆಂದು ಬೀಗುವವರು ನಾವೇ. ಆ ನೂರನ್ನು ಮಿಸ್ತ್ರಿ ಎಲ್ಲಿಂದಲಾದರೂ ಹುಟ್ಟಿಸಲೇಬೇಕು, ಆಗ ಅಂಗಡಿಯವನ ಕಮಿಷನ್ ಮಾತಾಡಲು ಶುರು ಮಾಡುತ್ತದೆ. ಆದ್ದರಿಂದ ಮುಂದಿನ ಸಲ ಗಾಡಿ ಬಿಟ್ಟಾಗ ಸಾಮಾನಿನ ಬಿಲ್ಲು ಬೇರೆ, ಕೆಲಸದ ಕೂಲಿ ಬೇರೆ ಬರೆದುಕೊಡಲು ಹೇಳಿ. ಸಾಮಾನಿನ ಬಿಲ್ಲಿನಲ್ಲಿ ಬೇಕಾದಷ್ಟು ಜಗಳವಾಡಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಪ್ಲೇಟ್ ಇನ್ನೂ ಆರು ತಿಂಗಳು ಬರುತ್ತದೆ ಎಂದು ಮಿಸ್ತ್ರಿ ಹೇಳಿದರೆ, ಆ ಮಾತಿಗೂ ದುಡ್ಡು ಕೊಡಿ.