ಅಪೂರ್ಣ ಪ್ರಯೋಗವೂ ಪ್ರೇಕ್ಷಕನ ಋಣವೂ

ಬೆಟಗೇರಿಯ ನೇಕಾರನ ಮಗ್ಗದ ಮೇಲೆ ಅರ್ಧ ನೆಯ್ದ ಸೀರೆಯನ್ನು ಕಂಡು ಅದರ ಸೆರಗಿನ ಅಂದವನ್ನು ಯಾರೂ ತೀರ್ಮಾನಿಸುವದಿಲ್ಲ. ಆ ಸೆರಗು ಇನ್ನೂ ನೇಕಾರನ ಮನಸ್ಸಿನಲ್ಲಿರುವದು. ಒಲೆಯ ಮೇಲಿನ ಅನ್ನದ ಒಂದು ಅಗುಳನ್ನು ಹಿಚುಕಿ ನೋಡುವದುಂಟು. ಅದಾದರೂ ಅನ್ನ ಬೆಂದಿತೋ ಇಲ್ಲವೋ ಎಂಬದನ್ನು ತಿಳಿಯುವದಕ್ಕಾಗಿಯೇ ಹೊರತು ಅಡಿಗೆ ಮಾಡಿದವಳ ಯೋಗ್ಯತೆಯನ್ನು ಅಳೆಯುವದಕ್ಕಾಗಿ ಅಲ್ಲ. ಲೋಕದ ಬಹುತರ ಕೆಲಸಗಳಲ್ಲಿ ಮಾಡುವವನು ಮುಗಿಯದ ಕೃತಿಯನ್ನು ತನ್ನ ಮನೆಯೊಳಗೆ ಮುಚ್ಚಿಟ್ಟುಕೊಂಡು, ಮುಗಿದ ಬಳಿಕ ಅಂಗಡಿಗೆ ತರಬಲ್ಲನು. ನಾಟಕಕ್ಕೆ ಮಾತ್ರ ಈ ಅನುಕೂಲವಿಲ್ಲ. ನಟರು ಎಷ್ಟು ತಿಂಗಳು ತಾಲೀಮು ಮಾಡಿದರೂ, ನಗೆಯ ಮಾತಿಗೆ ಜನ ನಗುವರೋ ಇಲ್ಲವೋ, ಶೋಕದ ದೃಶ್ಯವು ನಾಲ್ಕು ನಿಮಿಷ ಹೆಚ್ಚಾಯಿತೋ ಎಂಬದು ಎದುರಿಗೆ ಜನರು ಕುಳಿತ ಹೊರತು ತಿಳಿಯದು. ಆದುದರಿಂದ ನಾಟಕವು ಸಿದ್ಧವಾಗುವ ಮೊದಲೇ ಅದನ್ನು ನೋಡುವವರು ಬೇಕಾಗುತ್ತಾರೆ. ಇಲ್ಲಿಯೇ ಒಂದು ನೀತಿಯ ಪ್ರಶ್ನೆಯು ಹುಟ್ಟುವದು: ಇನ್ನೂ ಸಿದ್ಧವಾಗದ ನಾಟಕವನ್ನು ಹಣ ಕೊಟ್ಟು ನೋಡಿದವನಿಗೆ ಅದರ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರವುಂಟೆ? ಉಂಟಾದರೆ ಆ ಅಧಿಕಾರದ ಮೇರೆಯು ಯಾವುದು?

ಗದುಗಿನ ವೀರನಾರಾಯಣನನ್ನೇ ತನ್ನ ಕಾವ್ಯದ ಕವಿಯೆಂದು ಕೊಂಡಾಡಿದ ಕುಮಾರವ್ಯಾಸನು, ತಾನು ಹಲಗೆ ಬಳಪಗಳ ನೆರವಿಲ್ಲದೆ, ಒಮ್ಮೆ ಇರಿಸಿದ ಪದವನ್ನು ಮರಳಿ ತಿದ್ದದೆ ಕಾವ್ಯವನ್ನು ರಚಿಸಿದುದನ್ನು ತನ್ನ ಹೆಚ್ಚುಗಾರಿಕೆಯೆಂದು ಹೇಳಿಕೊಂಡಿದ್ದಾನೆ. ಆ ಅಗ್ಗಳಿಕೆಯು ಒಬ್ಬನೇ ಕುಳಿತು ನುಡಿಯುವ ಮಹಾಕವಿಗೆ ಸಲ್ಲತಕ್ಕದ್ದು. ನಾಟಕಕ್ಕೆ ಕರ್ತೃಗಳು ಹಲವರು. ಬರೆದವನು ಒಬ್ಬ, ಆಡುವವರು ಹತ್ತು ಜನ, ಬಾರಿಸುವವರು ನಾಲ್ವರು, ಪರದೆ ಎಳೆಯುವವನು ಮತ್ತೊಬ್ಬ. ಇವರೆಲ್ಲರ ಕೂಟದಲ್ಲಿ ತಿದ್ದುವದು ಅವಮಾನವಲ್ಲ, ಅದೇ ಕೆಲಸವು.

ಅಮೇರಿಕೆಯ ನ್ಯೂಯಾರ್ಕ್ ಪಟ್ಟಣದ ಬ್ರಾಡ್‌ವೇ ಎಂಬ ನಾಟಕಗೃಹಗಳ ಕೇರಿಯಲ್ಲಿ ಈ ತಿದ್ದುವಿಕೆಗೆ ಒಂದು ಕ್ರಮವನ್ನೇ ಏರ್ಪಡಿಸಿದ್ದಾರೆ. ಪ್ರಥಮ ಪ್ರಯೋಗವೆಂದು ಸಾರಿದ ದಿನಕ್ಕಿಂತ ಮೊದಲು ಕೆಲವು ವಾರ ನಾಟಕವನ್ನು ಟಿಕೀಟು ಮಾರಿಯೇ ಆಡುವರು. ಇದನ್ನು ಅವರು ‘ಪ್ರಿವ್ಯೂ’ ಎನ್ನುವರು, ಕನ್ನಡದಲ್ಲಿ ಪೂರ್ವಪ್ರಯೋಗವೆನ್ನಬಹುದು. ರಾತ್ರಿ ಜನರ ಮುಂದೆ ಆಡಿ, ಮರುದಿನ ಹಗಲು ತಿದ್ದಿ, ಮತ್ತೆ ರಾತ್ರಿ ಆಡುವದು ಅಲ್ಲಿಯ ವಾಡಿಕೆ. ಹಿಂದಿನ ಕಾಲದಲ್ಲಿ ಇದನ್ನು ನ್ಯೂ ಹೇವನ್, ಬೋಸ್ಟನ್, ಫಿಲಡೆಲ್ಫಿಯಾ ಮೊದಲಾದ ಹೊರಗಿನ ಊರುಗಳಲ್ಲಿ ಮಾಡುತ್ತಿದ್ದರು. ೧೯೪೩ರಲ್ಲಿ ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಎಂಬವರ ಸಂಗೀತನಾಟಕವೊಂದನ್ನು ನ್ಯೂ ಹೇವನ್ನಿನ ಜನರು ‘ಅವೇ ವಿ ಗೋ’ ಎಂಬ ಹೆಸರಿನಿಂದ ಕಂಡರು. ಇದು ಗೆಲ್ಲಲಾರದೆಂಬ ಸುದ್ದಿಯು ನ್ಯೂಯಾರ್ಕಿಗೆ ಮುಟ್ಟಿತು. ಕರ್ತೃಗಳು ತಿದ್ದಿದರು, ಹೆಸರನ್ನೂ ಬದಲಿಸಿದರು. ಅದೇ ವರ್ಷದ ಮಾರ್ಚ ೩೧ರಂದು ‘ಓಕ್ಲಹೋಮಾ’ ಎಂಬ ಹೆಸರಿನಿಂದ ಬ್ರಾಡ್‌ವೇಯಲ್ಲಿ ಆರಂಭವಾದ ಆ ನಾಟಕವು ೨೨೧೨ ಪ್ರಯೋಗಗಳನ್ನು ಕಂಡಿತು. ನ್ಯೂ ಹೇವನ್ನಿನಲ್ಲಿ ಅದನ್ನು ಹಳಿದವನು ಸುಳ್ಳು ಹೇಳಿದನೆ? ಇಲ್ಲ, ಅವನು ಕಂಡದ್ದನ್ನೇ ಹೇಳಿದನು. ಆದರೆ ತಾನು ಕಂಡದ್ದು ಒಂದು ರಾತ್ರಿಯ ಸಂಗತಿಯೆಂಬದನ್ನು ಮರೆತು, ಮುಂಬರುವ ರಾತ್ರಿಗಳಿಗೂ ಅದನ್ನೇ ಅನ್ವಯಿಸಿದನು. ನೋಟದಲ್ಲಿ ತಪ್ಪಿಲ್ಲ, ನಿರ್ಣಯದ ವ್ಯಾಪ್ತಿಯಲ್ಲಿ ತಪ್ಪುಂಟು.

ಈ ಪದ್ಧತಿಯು ನಮ್ಮ ಸೀಮೆಗೆ ಹೊಸದಲ್ಲ. ಹೆಸರು ಮಾತ್ರ ಹೊಸದು. ಮುಂಡರಗಿ, ಶಿರಹಟ್ಟಿಗಳ ಸುತ್ತಿನ ಹಳ್ಳಿಗಳಲ್ಲಿ ದೊಡ್ಡಾಟದ ತಾಲೀಮು ನಡೆದಾಗ ಊರ ಜನರು ಗುಡಿಯ ಕಟ್ಟೆಯ ಮೇಲೆ ಕುಳಿತು ನೋಡುತ್ತಲೇ ಬಂದಿದ್ದಾರೆ. ಮಾತು ಮರೆತ ಭೀಮನಿಗೆ ಕಟ್ಟೆಯ ಮೇಲಿನ ಮುದುಕನೇ ಮಾತನ್ನು ಎತ್ತಿಕೊಡುವನು. ತಾಳ ತಪ್ಪಿದರೆ ಎದುರಿನವನೇ ಕೈ ತಟ್ಟಿ ತೋರಿಸುವನು. ಅಲ್ಲಿ ನೋಡುವವನಿಗೂ ಆಡುವವನಿಗೂ ನಡುವೆ ಗೋಡೆಯಿಲ್ಲ. ದೋಷವನ್ನು ಹೇಳುವವನು ನಾಳೆ ಬೆಳಿಗ್ಗೆ ಅದೇ ನಟನ ಹೊಲದ ಬದುವಿನ ಮೇಲೆ ಸಿಕ್ಕುವನಾದುದರಿಂದ ಅವನ ಮಾತಿಗೆ ಒಂದು ಹೊಣೆಯಿರುವದು.

ನಾಟಕ ಮಂಡಳಿಗಳ ಚರಿತ್ರೆಯನ್ನು ನೋಡಿದರೆ ಪ್ರೇಕ್ಷಕನ ಈ ಪಾತ್ರವು ಇನ್ನೂ ಸ್ಪಷ್ಟವಾಗುವದು. ೧೮೪೨ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವು ಸಾಂಗಲಿಯಲ್ಲಿ ಆಟವನ್ನು ಆಡಿತು. ಅದನ್ನು ನೋಡಿದ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರು ಇಂಥದೊಂದು ತಮ್ಮ ಭಾಷೆಯಲ್ಲಿಯೂ ಆಗಬೇಕೆಂದು ಬಯಸಲಾಗಿ, ೧೮೪೩ರಲ್ಲಿ ವಿಷ್ಣುದಾಸ ಭಾವೆಯವರ ‘ಸೀತಾಸ್ವಯಂವರ’ವು ಹುಟ್ಟಿತು. ಮುಂದೆ ಮರಾಠಿ ಮಂಡಳಿಗಳೇ ನಮ್ಮ ಊರುಗಳಲ್ಲಿ ಮೆರೆಯತೊಡಗಿದವು. ಅವನ್ನು ಕಂಡು ಮನನೊಂದ ಶಿಕ್ಷಕ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ೧೮೭೦ರ ದಶಕದಲ್ಲಿ ಗದುಗಿನಲ್ಲಿ ವೀರನಾರಾಯಣ ಪ್ರಸಾದಿತ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ಕನ್ನಡದಲ್ಲಿ ‘ಉಷಾಹರಣ’ವನ್ನು ಆಡಿಸಿದರು. ವಾಚಕರು ಲಕ್ಷಿಸತಕ್ಕ ಸಂಗತಿಯೊಂದುಂಟು: ಎರಡೂ ಸಲ ಹೊಸ ರಂಗಭೂಮಿಯು ಹುಟ್ಟಿದ್ದು ಒಬ್ಬ ಪ್ರೇಕ್ಷಕನ ಅತೃಪ್ತಿಯಿಂದ. ಅವರು ನೋಡಿ ಮನೆಗೆ ಹೋಗಿ ಮೂಗು ಮುರಿದು ಕೂಡಲಿಲ್ಲ. ತಮ್ಮ ಅತೃಪ್ತಿಯನ್ನು ಕೆಲಸಕ್ಕೆ ಹಚ್ಚಿದರು. ಅತೃಪ್ತಿಯು ತಾನಾಗಿ ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಅದು ಎತ್ತ ಹರಿಯಿತೆಂಬದರ ಮೇಲೆ ಅದರ ಬೆಲೆಯು ನಿಂತಿರುವದು.

ಆಮೇಲೆ ಗದುಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಶಿರಹಟ್ಟಿಯಲ್ಲಿ ವೆಂಕೋಬರಾಯರ ಮಂಡಳಿ ಮುಂತಾದವು ಬೆಳೆದವು. ಆ ಕಾಲದ ಮಂಡಳಿಗಳು ಊರಿಂದ ಊರಿಗೆ ಸಾಗಿ ಬಿಡಾರ ಹೂಡುತ್ತಿದ್ದವು. ಜನರು ‘ವನ್ಸ್ ಮೋರ್’ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡುವದಿತ್ತು. ಇದನ್ನು ಇಂದಿನವರು ನಕ್ಕು ಬಿಡಬಹುದು. ಆದರೆ ಅದು ಪ್ರೇಕ್ಷಕನ ಮತದಾನವಾಗಿತ್ತು. ಜನ ಒಲಿದರೆ ಮಂಡಳಿಯು ಅದೇ ಊರಲ್ಲಿ ಉಳಿಯುವದು. ಒಲಿಯದಿದ್ದರೆ ಗಂಟು ಮೂಟೆ ಕಟ್ಟಬೇಕಾಗುವದು. ನಟರ ಸಂಬಳ, ಅಡಿಗೆಯ ಅಕ್ಕಿ, ಮುಂದಿನ ಊರಿನ ಬಂಡಿಯ ಬಾಡಿಗೆ ಇವೆಲ್ಲವೂ ಆ ಜನರ ನಾಲಗೆಯ ತುದಿಯಲ್ಲಿದ್ದವು. ಹೀಗಿರಲಾಗಿ, ಹೊಸ ನಾಟಕದ ಮೊದಲ ರಾತ್ರಿ ನೋಡಿದವನು ಮರುದಿನ ಪೇಟೆಯಲ್ಲಿ ಆಡಿದ ಒಂದು ಮಾತು ಕೆಲವು ಕುಟುಂಬಗಳ ಊಟದ ಪ್ರಶ್ನೆಯಾಗುತ್ತಿತ್ತೆಂಬದರಲ್ಲಿ ಅತಿಶಯೋಕ್ತಿಯಿಲ್ಲ.

ಈಗ ಎರಡು ಪಕ್ಷಗಳನ್ನು ವಿಚಾರಿಸಬೇಕು. ಮೊದಲನೆಯವರು ಹೇಳುವದೇನೆಂದರೆ: ಪೂರ್ಣ ಹಣ ತೆಗೆದುಕೊಂಡ ಮೇಲೆ ಅಪೂರ್ಣವೆಂಬ ನೆವವು ಸಲ್ಲದು, ಕೊಂಡವನಿಗೆ ಒಳ್ಳೆಯದೆನ್ನುವ, ಕೆಟ್ಟದ್ದೆನ್ನುವ ಪೂರ್ಣ ಹಕ್ಕು ಬಂದೇ ಬರುವದು. ಎರಡನೆಯವರು ಹೇಳುವರು: ಬಸಿರನ್ನು ಬಗೆದು ಕೂಸಿನ ರೂಪವನ್ನು ನೋಡಬಾರದು, ಮುಗಿಯುವ ವರೆಗೆ ನೋಡಿದವನು ಬಾಯಿ ಮುಚ್ಚಿಕೊಂಡಿರಬೇಕು. ಎರಡರಲ್ಲಿಯೂ ಅರ್ಧ ಸತ್ಯವುಂಟು. ೨೦೧೦ನೆಯ ನವೆಂಬರದಲ್ಲಿ ಬ್ರಾಡ್‌ವೇಯಲ್ಲಿ ‘ಸ್ಪೈಡರ್-ಮ್ಯಾನ್: ಟರ್ನ್ ಆಫ್ ದ ಡಾರ್ಕ್’ ಎಂಬ ಸಂಗೀತನಾಟಕದ ಪೂರ್ವಪ್ರಯೋಗಗಳು ಆರಂಭವಾದವು. ಯಂತ್ರಗಳು ಕೆಟ್ಟು ಆಟವು ನಡುನಡುವೆ ನಿಂತಿತು. ಡಿಸೆಂಬರದಲ್ಲಿ ನಟನೊಬ್ಬನು ಎತ್ತರದಿಂದ ಬಿದ್ದು ತೀವ್ರವಾಗಿ ಗಾಯಗೊಂಡನು. ಪ್ರಥಮ ಪ್ರಯೋಗದ ದಿನವನ್ನು ಮತ್ತೆ ಮತ್ತೆ ಮುಂದೆ ಹಾಕಲಾಗಿ, ಹಣ ಮಾತ್ರ ಪ್ರತಿರಾತ್ರಿ ಒಟ್ಟಾಗುತ್ತಿತ್ತು. ಆ ದಿನದ ವರೆಗೆ ಮೌನವಾಗಿರುವ ವಾಡಿಕೆಯ ವಿಮರ್ಶಕರು ೨೦೧೧ನೆಯ ಫೆಬ್ರುವರಿಯಲ್ಲಿ ಮೌನವನ್ನು ಮುರಿದರು. ಬಳಿಕ ನಿರ್ದೇಶಕಿಯು ಹೊರಗಾದಳು, ಕಥೆಯನ್ನು ತಿದ್ದಿದರು, ೧೮೨ ಪೂರ್ವಪ್ರಯೋಗಗಳಾದ ಮೇಲೆ ಜೂನ್ ೧೪ರಂದು ನಾಟಕವು ವಿಧಿಪೂರ್ವಕವಾಗಿ ಆರಂಭವಾಯಿತು. ಅಪೂರ್ಣವೆಂಬದು ಒಂದು ಅವಸ್ಥೆ. ಅದನ್ನೇ ಕೊನೆಯಿಲ್ಲದ ಆಶ್ರಯವನ್ನಾಗಿ ಮಾಡಿಕೊಳ್ಳುವದು ಪ್ರಾಮಾಣಿಕತೆಯಲ್ಲ. ಅಂಥಲ್ಲಿ, ವಿಶೇಷವಾಗಿ ಕೆಲಸ ಮಾಡುವವರ ಮೈಗೇ ಅಪಾಯವಿರುವಲ್ಲಿ, ಮೌನವು ಸೌಜನ್ಯವಾಗಲಾರದು.

ಆದುದರಿಂದ ಮೊದಲ ಋಣವು ಆಡಿಸುವವರ ಮೇಲೆಯೇ ಬೀಳುವದು. ಇದು ಇನ್ನೂ ತಿದ್ದುವ ಹಂತದಲ್ಲಿದೆ ಎಂಬದನ್ನು ಅವರು ಟಿಕೀಟು ಕೊಡುವಾಗಲೇ ತಿಳಿಸಬೇಕು. ತಿಳಿದು ಕೊಂಡವನು ಪಾಲುಗಾರನು. ತಿಳಿಯದೆ ಕೊಂಡವನು ಮೋಸಹೋದವನು. ದಿನಗೂಲಿಯ ಹಣದಲ್ಲಿ ಹೆಂಡಿರು ಮಕ್ಕಳನ್ನು ಕರೆತಂದವನನ್ನು ಅವನಿಗರಿಯದಂತೆ ಪರೀಕ್ಷೆಯ ಸಾಧನವನ್ನಾಗಿ ಮಾಡುವದು ನ್ಯಾಯವಲ್ಲ.

ಎರಡನೆಯ ಋಣವು ನೋಡುವವನದು. ಭರತನ ನಾಟ್ಯಶಾಸ್ತ್ರವು ಪ್ರಯೋಗದ ಸಿದ್ಧಿಯನ್ನು ವಿವರಿಸುವಲ್ಲಿ ಪ್ರೇಕ್ಷಕನ ಲಕ್ಷಣವನ್ನೂ ಹೇಳಿರುವದು: ಪಾತ್ರವು ಸಂತೋಷಪಟ್ಟಾಗ ತಾನೂ ಸಂತೋಷಪಡುವವನು, ಅದರ ದುಃಖದಲ್ಲಿ ದುಃಖಿಯಾಗುವವನು ನಿಜವಾದ ಪ್ರೇಕ್ಷಕನು. ದೋಷಗಳನ್ನು ಗುರುತಿಸಬೇಕೆಂದೂ ಅದೇ ಪ್ರಕರಣವು ವಿಧಿಸುವದು. ಜೊತೆಗೇ, ಗುಣವಿಲ್ಲದ ಅಥವಾ ದೋಷವಿಲ್ಲದ ಪ್ರಯೋಗವೇ ಇಲ್ಲವಾದುದರಿಂದ ಸಣ್ಣ ದೋಷವನ್ನು ಹಿಗ್ಗಿಸಬಾರದೆಂದು ಎಚ್ಚರಿಸುವದು. ಅದೇ ಗ್ರಂಥದ ಮೊದಲ ಅಧ್ಯಾಯದ ಕಥೆಯೂ ಇಲ್ಲಿ ನೆನೆಯತಕ್ಕದ್ದು. ಮೊಟ್ಟಮೊದಲ ನಾಟಕವನ್ನು ಆಡಿದಾಗ ತಮ್ಮ ಸೋಲನ್ನೇ ಕಂಡ ಅಸುರರು ವಿಘ್ನಮಾಡಿದರು. ಇಂದ್ರನು ಧ್ವಜದಂಡದಿಂದ ಅವರನ್ನು ಬಡಿದನು. ಆದರೂ ವಿಘ್ನವು ತೀರಲಿಲ್ಲ. ಕಡೆಗೆ ಬ್ರಹ್ಮನು ಅವರನ್ನು ಕರೆದು, ನಾಟ್ಯವು ಯಾರೊಬ್ಬರ ಪಕ್ಷವೂ ಅಲ್ಲವೆಂದು ಸಮಾಧಾನ ಹೇಳಬೇಕಾಯಿತು. ಪ್ರೇಕ್ಷಕನ ಆಕ್ಷೇಪಣೆಗೆ ದಂಡದಿಂದ ಉತ್ತರವಿಲ್ಲ, ಮಾತಿನಿಂದ ಉಂಟು ಎಂಬದನ್ನು ಈ ಕಥೆಯು ಸೂಚಿಸುವದು.

ಇಲ್ಲಿ ಒಬ್ಬರು ಕೇಳಬಹುದು: ಶಾಸ್ತ್ರವನ್ನು ಓದದ ಸಾಮಾನ್ಯನಿಗೆ ಈ ಅಧಿಕಾರವೆಲ್ಲಿಯದು? ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರವನ್ನು ಕನ್ನಡದ ತಿರುಳಿನ ಸೀಮೆಯಲ್ಲಿ ಎಣಿಸಿದ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ, ಓದು ಕಲಿಯದೆಯೂ ಕಾವ್ಯದ ಮರ್ಮವನ್ನು ಬಲ್ಲ ಜಾಣರು ಈ ನಾಡಿನವರೆಂದು ಹೊಗಳಿರುವದು. ಆ ಹೊಗಳಿಕೆಯು ಬರಿಯ ಅಲಂಕಾರವಲ್ಲವಾದರೆ, ಅದರ ಭಾರವನ್ನೂ ಹೊರಬೇಕು. ಬಲ್ಲವನೆನಿಸಿಕೊಂಡವನು ‘ಹಿಡಿಸಲಿಲ್ಲ’ ಎಂದಷ್ಟೇ ಹೇಳಿ ಎದ್ದು ಹೋಗಲಾಗದು. ಎಲ್ಲಿ, ಯಾಕೆ ಎಂಬದನ್ನೂ ಹೇಳಬೇಕು.

ಯಾರ ಮುಂದೆ ಹೇಳಬೇಕೆಂಬದೇ ಈ ಪ್ರಶ್ನೆಯ ತಿರುಳು. ಎರಡನೆಯ ಅಂಕವು ಜಡವಾಯಿತೆಂದು ನಾಟಕಕಾರನಿಗೆ ಹೇಳಿದರೆ ನಾಳೆ ಅದು ಚುರುಕಾಗಬಹುದು. ಅದೇ ಮಾತನ್ನು ಅವನಿಗೆ ಮುಟ್ಟಿಸದೆ ನೂರು ಜನರ ಮುಂದೆ ಹೇಳಿದರೆ ಅಂಕವು ತಿದ್ದುವದಿಲ್ಲ, ಥೇಟರು ಮಾತ್ರ ಬರಿದಾಗುವದು. ತಿದ್ದಲು ಸಾಧ್ಯವಿರುವ ವರೆಗೆ ದೋಷದ ಮಾತು ತಿದ್ದಬಲ್ಲವನ ಕಿವಿಗೆ ಸಲ್ಲತಕ್ಕದ್ದು. ಮುಗಿಯಿತೆಂದು ಅವನೇ ಸಾರಿದ ಮೇಲೆ ಅದು ಎಲ್ಲರ ಸ್ವತ್ತು. ಅಪಾಯ ಮತ್ತು ವಂಚನೆ ಇವೆರಡಕ್ಕೆ ಮಾತ್ರ ಈ ನಿಯಮದಿಂದ ವಿನಾಯಿತಿಯುಂಟು.

ದಯೆಯಿಂದ ಸತ್ಯವನ್ನು ನುಂಗಿಕೊಳ್ಳಬಹುದೆ ಎಂಬದೊಂದು ಕಠಿಣ ಸಂದೇಹವು ಉಳಿಯುವದು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಉದಾಹರಣೆಯು ಇದಕ್ಕೆ ಉತ್ತರವನ್ನು ಕೊಡಬಲ್ಲದು. ೧೯೪೪ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡ ಮೇಲೆ, ಸ್ವತಃ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಅಂಧರಾದ, ಬಡವರಾದ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಡುವ ಭಾರವನ್ನು ಹೊತ್ತರು. ಅದಕ್ಕಾಗಿ ನಾಟಕಗಳನ್ನು ಬರೆದು, ಆಶ್ರಮದ ನಾಟಕ ಕಂಪನಿಯನ್ನು ಊರೂರಿಗೆ ನಡೆಸಿದರು. ಅಂಥ ಕಂಪನಿಯ ಹೊಸ ನಾಟಕದಲ್ಲಿ ಕುಂದನ್ನು ಕಂಡವನು, ಪಾಪ, ಅನಾಥ ಮಕ್ಕಳ ಕೆಲಸವೆಂದು ಸುಮ್ಮನೆ ಹೊಗಳಿ ಹೋದರೆ ಆ ರಾತ್ರಿ ಅವನ ಮನಸ್ಸು ಹಗುರಾದೀತು. ನಾಟಕದ ಕುಂದು ಕುಂದಾಗಿಯೇ ಉಳಿದು ಮುಂದಿನ ಊರಿನಲ್ಲಿ ಉತ್ಪನ್ನವು ಇಳಿಯುವದು. ಕನಿಕರದ ಟಿಕೀಟು ಒಂದು ಸಲ ಮಾರುವದು, ಒಳ್ಳೆಯ ನಾಟಕದ ಟಿಕೀಟು ಹತ್ತು ಸಲ. ಅಲ್ಲದೆ, ಹುಸಿ ಹೊಗಳಿಕೆಯಲ್ಲಿ ಒಂದು ತಿರಸ್ಕಾರವೂ ಅಡಗಿರುವದು: ‘ಇವರಿಂದ ಇದಕ್ಕಿಂತ ಹೆಚ್ಚಿನದು ಆಗದು’ ಎಂಬ ಗುಪ್ತ ನಿರ್ಣಯವದು. ಸ್ವರದಲ್ಲಿ ಕಿಂಚಿತ್ ತಪ್ಪನ್ನೂ ಬಿಡದೆ ತಿದ್ದಿ ಕಲಿಸುವ ಗುರುಕುಲಕ್ಕೆ ಅಂಥ ದಯೆಯ ಅವಶ್ಯಕತೆಯಿಲ್ಲ.

ಪೂರ್ವಪ್ರಯೋಗಕ್ಕೆ ಹೋಗುವವನು ನ್ಯಾಯಾಧೀಶನಂತೆ ಕೂಡಬಾರದು, ದಾನಿಯಂತೆಯೂ ಕೂಡಬಾರದು. ಒಕ್ಕಣಿಗೆ ಬಂದ ನೆರೆಯ ರೈತನಂತೆ ಕೂಡಬೇಕು. ಅವನು ಹೊಟ್ಟನ್ನು ಹೊಟ್ಟೆಂದೇ ಹೇಳುವನು, ಆದರೆ ರಾಶಿಯನ್ನು ಕಾಲಿನಿಂದ ಒದೆಯುವದಿಲ್ಲ. ಗಾಳಿ ಎತ್ತ ಬೀಸುತ್ತಿದೆಯೆಂಬದನ್ನು ತೋರಿಸಿ ತಾನೂ ಒಂದು ಮೊರ ಹಿಡಿಯುವನು. ಅಂಥವರು ಎಷ್ಟು ಮಂದಿ ಎದುರಿಗೆ ಕುಳಿತಿರುವರೋ ಅಷ್ಟರ ಮಟ್ಟಿಗೆ ಆ ಊರಿನ ರಂಗಭೂಮಿಯು ಬೆಳೆಯುವದು.