ಕುರ್ಚಿಯ ಋಣ

ನಮ್ಮ ಬಳ್ಳಾರಿ ಸೀಮೆಯಲ್ಲಿ ಮಳೆಗೆ ಬರ, ನೆರಳಿಗೆ ಬರ. ಕಲ್ಲಿಗೆ ಮಾತ್ರ ಎಂದೂ ಬರವಿಲ್ಲ. ಆ ಕಲ್ಲಿನ ಮೇಲೆ ಬರೆಸಿದವರಿಗೂ ಕೊರತೆಯಾಗಲಿಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕನ ಶಾಸನಗಳಿವೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಸಿಂದರು ಕುರುಗೋಡಿನಲ್ಲಿ ಕೂತು ಆಳಿದರು. ಅಂಥ ಕಾಲದ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕ್ರಮ ಗೊತ್ತಿರುತ್ತದೆ. ಮೊದಲು ದೊರೆಯ ಬಿರುದುಗಳು, ನಡುವೆ ಕೊಟ್ಟ ಭೂಮಿಯ ಎಲ್ಲೆಕಟ್ಟು, ಕೊನೆಯಲ್ಲಿ ಶಾಪ. ಆ ಶಾಪ ಕಳ್ಳಕಾಕರಿಗೆ ಹಾಕಿದ್ದೆಂದು ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆ. ಮುಖ್ಯವಾಗಿ ಅದು ಮುಂದೆ ಪಟ್ಟಕ್ಕೆ ಬರುವವನಿಗೆ ಹೇಳಿದ ಮಾತು. ನಾನು ಕೊಟ್ಟದ್ದನ್ನು ನೀನು ಕಿತ್ತುಕೊಳ್ಳಬೇಡ, ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದೇ ಹೆಚ್ಚಿನದು ಎಂಬುದು ಅದರ ತಾತ್ಪರ್ಯ.

ಇದೇಕೆ ಹೆಚ್ಚಿನದು? ಯೋಚಿಸಿ ನೋಡಿದರೆ ಕಾರಣ ಸರಳವಾಗಿದೆ. ಕೊಟ್ಟವನಿಗೆ ಹೆಸರು ಬರುತ್ತದೆ. ಕಾಯುವವನಿಗೆ ಖರ್ಚು ಬರುತ್ತದೆ, ಹೆಸರು ಮಾತ್ರ ಹಿಂದಿನವನದೇ ಆಗಿ ಉಳಿಯುತ್ತದೆ. ಯಾರೋ ಆಡಿದ ಮಾತಿಗೆ ನಾನೇಕೆ ದುಡ್ಡು ತೆರಬೇಕು ಎಂದು ಹೊಸಬನಿಗೆ ಅನ್ನಿಸುವುದು ಸಹಜ. ಪಟ್ಟ ಬದಲಾದಾಗ ಮಾತೂ ಬದಲಾಗಬಹುದೇ ಎಂಬ ಈ ಪ್ರಶ್ನೆ ರಾಜರೊಂದಿಗೆ ಮುಗಿದುಹೋಗಲಿಲ್ಲ. ಈಗ ಅದು ಕಂಪನಿಗಳ ಬಾಗಿಲಲ್ಲಿ ನಿಂತಿದೆ.

ನನಗೆ ಈ ಯೋಚನೆ ಹತ್ತಿದ್ದು ಬಳ್ಳಾರಿ–ಸಿರುಗುಪ್ಪ ರಸ್ತೆಯಲ್ಲಿ ಓಡಾಡುವ ಗಾಡಿಗಳನ್ನು ನೋಡಿ. ಈ ರಸ್ತೆಯಲ್ಲಿ ಬಾಡಿಗೆ ಗಾಡಿಗಳು ತಲೆಮಾರಿನಂತೆ ಬಂದು ಹೋಗಿವೆ. ಮೊದಲು ಅಂಬಾಸಿಡರ್, ಆಮೇಲೆ ಸುಮೋ, ಕ್ವಾಲಿಸ್, ಟವೇರಾ, ಇನ್ನೋವಾ. ಗಣಿಯ ದುಡ್ಡು ಹರಿದಾಡುತ್ತಿದ್ದ ಕಾಲದಲ್ಲಿ ಸಾಲ ಮಾಡಿ ಗಾಡಿ ತಂದವರು ಎಷ್ಟೋ ಮಂದಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಗಾಡಿ ನಿಂತಿತು, ಕಂತು ನಿಲ್ಲಲಿಲ್ಲ. ಇಂಥ ಮನುಷ್ಯ ಗಾಡಿ ಕೊಳ್ಳುವಾಗ ಬರೀ ಎಂಜಿನ್ನು, ಟೈರು, ಸೀಟು ಕೊಳ್ಳುವುದಿಲ್ಲ. ನಮ್ಮ ಓಣಿಯ ಡ್ರೈವರೊಬ್ಬರು ಹೊಸ ಗಾಡಿ ತೆಗೆದುಕೊಳ್ಳುವ ಮುಂಚೆ ನನ್ನೊಡನೆ ಹೇಳಿದ್ದರು: “ಗಾಡಿ ಹೆಂಗೈತೆ ಅಂತ ಆಮ್ಯಾಲೆ ನೋಡಾಣ ಮೇಷ್ಟ್ರೇ. ಹತ್ತು ವರ್ಷ ಆದ್ಮ್ಯಾಲೆ ಕಂಪ್ನಿ ಇರ್ತೈತಾ ಅಂತ ಮೊದ್ಲು ಕೇಳ್ಬೇಕು.” ಅವರು ಕೇಳುತ್ತಿದ್ದುದು ಕಂಪನಿಯ ಮಾತಿನ ಆಯುಷ್ಯವನ್ನು.

ಟವೇರಾ ಮಾಡಿದ ಕಂಪನಿ ಜನರಲ್ ಮೋಟಾರ್ಸ್. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಕಾರು ಕಂಪನಿ. 2009ರ ಜೂನ್ 1ರಂದು ಅದು ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿತು. ಅಲ್ಲಿನ ಸರ್ಕಾರ ಸುಮಾರು 5,000 ಕೋಟಿ ಡಾಲರ್ ಸುರಿದು ಎತ್ತಿ ನಿಲ್ಲಿಸಿತು. ಆ ಹೊತ್ತಿನಲ್ಲಿ ಅದರ ಮುಖ್ಯಸ್ಥರ ಕುರ್ಚಿ ಬಸ್ಸಿನ ಸೀಟಿನಂತಾಗಿತ್ತು. 2009ರಲ್ಲಿ ಸರ್ಕಾರದ ಸೂಚನೆಯಂತೆ ರಿಕ್ ವ್ಯಾಗನರ್ ಎದ್ದರು. ಫ್ರಿಟ್ಜ್ ಹೆಂಡರ್ಸನ್ ಕೂತು ಅದೇ ವರ್ಷ ಎದ್ದರು. ಎಡ್ ವಿಟೇಕರ್, ಡ್ಯಾನ್ ಏಕರ್ಸನ್ ಬಂದು ಹೋದರು. 2014ರ ಜನವರಿಯಲ್ಲಿ ಮೇರಿ ಬಾರಾ ಬಂದರು. ಐದು ವರ್ಷದೊಳಗೆ ಐದು ಮುಖಗಳು.

ಭಾರತದಲ್ಲೂ ಹಾಗೆಯೇ. ಮೊದಲು ಓಪೆಲ್ ಹೆಸರಿನಲ್ಲಿ ಬಂದವರು 2003ರಲ್ಲಿ ಷೆವರ್ಲೆ ಹೆಸರು ತಂದರು. 2004ರಲ್ಲಿ ಟವೇರಾ ಬಂತು. ಇಲ್ಲಿನ ಮುಖ್ಯಸ್ಥ ಕಾರ್ಲ್ ಸ್ಲಿಮ್ 2012ರಲ್ಲಿ ಬಿಟ್ಟುಹೋದ ಮೇಲೆ ಲೋವೆಲ್ ಪ್ಯಾಡಕ್, ಅರವಿಂದ ಸಕ್ಸೇನಾ, ಕಾಹೆರ್ ಕಾಝೆಮ್ ಸರದಿಯಂತೆ ಬಂದರು. 2013ರಲ್ಲಿ ಹೊಗೆಯ ಪರೀಕ್ಷೆಯಲ್ಲಿ ಅಕ್ರಮ ನಡೆದದ್ದನ್ನು ಕಂಪನಿಯೇ ಸರ್ಕಾರಕ್ಕೆ ತಿಳಿಸಿ 1.14 ಲಕ್ಷ ಟವೇರಾಗಳನ್ನು ವಾಪಸ್ ಕರೆಯಬೇಕಾಯಿತು. 2015ರ ಜುಲೈನಲ್ಲಿ ಭಾರತದಲ್ಲಿ 100 ಕೋಟಿ ಡಾಲರ್ ಹೂಡುತ್ತೇವೆ, ಹೊಸ ಮಾದರಿಗಳನ್ನು ತರುತ್ತೇವೆ ಎಂದು ಘೋಷಿಸಿದರು. ಎರಡು ವರ್ಷವೂ ತುಂಬಲಿಲ್ಲ. 2017ರ ಮೇ 18ರಂದು, ಆ ವರ್ಷದ ಕೊನೆಗೆ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸುತ್ತೇವೆ ಎಂದರು.

ಕಂಪನಿಯ ಪರವಾಗಿ ಹೇಳಬೇಕಾದದ್ದನ್ನೂ ಹೇಳಬೇಕು. ಆಗ ಭಾರತದ ಕಾರು ಮಾರಾಟದಲ್ಲಿ ಅದರ ಪಾಲು ಶೇಕಡಾ 1ಕ್ಕೂ ಕಡಿಮೆ ಇತ್ತು. ನಷ್ಟದ ಅಂಗಡಿಯನ್ನು ಮಾನಕ್ಕಾಗಿ ತೆರೆದಿಡುವುದು ಧರ್ಮವೇನಲ್ಲ. ಆ ವರ್ಷ ಅದು ಯುರೋಪಿನ ಓಪೆಲ್ಲನ್ನೂ ಮಾರಿತು, ದಕ್ಷಿಣ ಆಫ್ರಿಕಾದಿಂದಲೂ ಎದ್ದಿತು. ಎಲ್ಲ ಊರಲ್ಲೂ ಇರಬೇಕೆಂಬ ಹಟವೇ ಅದನ್ನು 2009ರ ಹೊಂಡಕ್ಕೆ ತಳ್ಳಿದ್ದರಲ್ಲಿ ಒಂದು ಕಾರಣವೆಂದು ಬಾರಾ ಅವರ ಪರವಾಗಿ ವಾದಿಸಬಹುದು. ಮಾರಿದ ಗಾಡಿಗಳಿಗೆ ವಾರಂಟಿ, ಸರ್ವಿಸ್, ಬಿಡಿಭಾಗ ಮುಂದುವರಿಸುತ್ತೇವೆ ಎಂದೂ ಕಂಪನಿ ಹೇಳಿತು. ಇನ್ನೊಂದು ಕಡೆ, ಬಂಡವಾಳ ಹಾಕಿ ಶೋರೂಮು ಕಟ್ಟಿದ ಡೀಲರುಗಳು ಪರಿಹಾರ ಸಾಲದೆಂದು ಬೀದಿಗಿಳಿದರು.

ಬದಲಾಗದೆ ಉಳಿಯುವುದೇ ನಿಷ್ಠೆ ಎಂದು ಹೇಳಲೂ ನಾನು ಸಿದ್ಧನಿಲ್ಲ. ಅಂಬಾಸಿಡರ್ ನಮ್ಮ ಕಣ್ಣೆದುರಿಗೇ ಇದೆ. 1950ರ ದಶಕದಲ್ಲಿ ಬಂದ ಗಾಡಿಯನ್ನು ಅಲ್ಪಸ್ವಲ್ಪ ತಿದ್ದುತ್ತ ಹಿಂದೂಸ್ತಾನ್ ಮೋಟಾರ್ಸ್ 2014ರವರೆಗೆ ಎಳೆಯಿತು. ಹಿಂದಿನವರು ಮಾಡಿದ್ದನ್ನೇ ಮಾಡುತ್ತ ಕೂತರು. ಕೊನೆಗೆ ಉತ್ತರಪಾರಾ ಕಾರ್ಖಾನೆಗೆ ಬೀಗ ಬಿದ್ದಿತು, ಕೆಲಸಗಾರರು ಹೊರಗೆ ನಿಂತರು. ಕ್ವಾಲಿಸ್ ಕತೆ ಬೇರೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ 2000ದಲ್ಲಿ ತಂದ ಆ ಗಾಡಿಯನ್ನು ಚೆನ್ನಾಗಿ ಓಡುತ್ತಿದ್ದಾಗಲೇ 2005ರಲ್ಲಿ ನಿಲ್ಲಿಸಿ ಇನ್ನೋವಾ ತಂದಿತು. ಬಂಗಾರದಂಥ ಗಾಡಿ ನಿಲ್ಲಿಸಿದರಲ್ಲ ಎಂದು ಡ್ರೈವರುಗಳು ಬೈದರು. ಆದರೆ ಗಾಡಿ ಹೋಯಿತು, ಮಾಡಿದವರು ಬಿಡದಿಯಲ್ಲೇ ಉಳಿದರು. ಸರಕನ್ನು ಬಿಡುವುದು ಬೇರೆ, ಸರಕು ಕೊಂಡವರನ್ನು ಬಿಡುವುದು ಬೇರೆ ಎಂಬುದು ಇಲ್ಲಿ ಕಾಣುತ್ತದೆ.

ಹಾಗಾದರೆ ಹೊಸಬನ ತಲೆಗೆ ಬರುವ ಋಣ ಯಾವುದು? ಇದಕ್ಕೆ ಜನರಲ್ ಮೋಟಾರ್ಸಿನದೇ ಇನ್ನೊಂದು ಪ್ರಕರಣ ಬೆಳಕು ಕೊಡುತ್ತದೆ. ಅಮೆರಿಕದಲ್ಲಿ ಅದು ಮಾರಿದ ಕೆಲವು ಕಾರುಗಳಲ್ಲಿ ಚಾವಿ ತಿರುಗಿಸುವ ಸ್ವಿಚ್ಚು ಸಡಿಲವಾಗಿತ್ತು. ಓಡುವಾಗಲೇ ಜಾರಿ ಎಂಜಿನ್ನು ನಿಲ್ಲುತ್ತಿತ್ತು, ಅಪಘಾತವಾದರೆ ಏರ್‌ಬ್ಯಾಗು ಬಿಚ್ಚಿಕೊಳ್ಳುತ್ತಿರಲಿಲ್ಲ. ಸರಿಪಡಿಸುವ ಭಾಗಕ್ಕೆ ಒಂದು ಡಾಲರೂ ಆಗುತ್ತಿರಲಿಲ್ಲ. ವಿಷಯ ಕಂಪನಿಯ ಒಳಗೆ ಸುಮಾರು ಹತ್ತು ವರ್ಷ ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡಿತು. ಬಾರಾ ಕುರ್ಚಿಗೆ ಬಂದ ಕೆಲವೇ ವಾರಗಳಲ್ಲಿ ಅದು ಹೊರಬಿತ್ತು. ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆದರು. ಕಂಪನಿಯ ಪರಿಹಾರ ನಿಧಿಯೇ 124 ಸಾವುಗಳನ್ನು ಒಪ್ಪಿಕೊಂಡಿತು. ತನಿಖೆಯ ವರದಿಯಲ್ಲಿ ಒಂದು ಮಾತು ಬರುತ್ತದೆ. ಆ ಕಂಪನಿಯ ಸಭೆಗಳಲ್ಲಿ ಎಲ್ಲರೂ ಆಗಲಿ ಎಂದು ತಲೆಯಾಡಿಸುತ್ತಿದ್ದರು, ಹೊರಗೆ ಹೋದ ಮೇಲೆ ಯಾರೂ ಏನೂ ಮಾಡುತ್ತಿರಲಿಲ್ಲವಂತೆ. ನಮ್ಮ ಕಚೇರಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕಿಂತ ಮುಖ್ಯವಾದದ್ದು ನ್ಯಾಯಾಲಯದ ವಾದ. 2009ರಲ್ಲಿ ದಿವಾಳಿಯಾದದ್ದು ಹಳೆಯ ಕಂಪನಿ, ನಾವು ಅದರ ಆಸ್ತಿ ಕೊಂಡ ಹೊಸ ಕಂಪನಿ, ಹಳೆಯದರ ತಪ್ಪಿಗೆ ನಮ್ಮನ್ನು ಹಿಡಿಯಬೇಡಿ ಎಂದು ಕಂಪನಿಯ ವಕೀಲರು ವಾದಿಸಿದರು. ಕಾಗದದ ಮೇಲೆ ಅದು ಸುಳ್ಳಲ್ಲ. ಆದರೆ ಹೆಸರು ಅದೇ, ಕಾರ್ಖಾನೆ ಅದೇ, ವಿಷಯ ತಿಳಿದಿದ್ದ ಜನರೂ ಅವರೇ. 2016ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ, ದಿವಾಳಿಯ ಮರೆಯಲ್ಲಿ ನಿಂತು ಈ ದಾವೆಗಳಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದಿತು. ಲಾಭ ತರುವ ಹೆಸರನ್ನು ಹಿಂದಿನವರಿಂದ ಪಡೆದು, ನಷ್ಟ ತರುವ ಹೊಣೆಯನ್ನು ಹಿಂದಿನವರ ಸಮಾಧಿಯ ಮೇಲೆ ಇಟ್ಟುಬರುವುದು ಯಾವ ನ್ಯಾಯ? ನಮ್ಮ ಶಾಸನಗಳ ಕೊನೆಯ ಸಾಲಿನ ಕಳಕಳಿಯೂ ಇದೇ ಎಂದು ನನಗನ್ನಿಸುತ್ತದೆ.

ಡೆಟ್ರಾಯಿಟಿನ ಮಾತು ದೂರದ್ದೆಂದು ತೋರಿದರೆ ಸಿರುಗುಪ್ಪದ್ದೇ ಒಂದನ್ನು ಹೇಳುತ್ತೇನೆ. ನಾನು ಅಲ್ಲಿ ಪಾಠ ಮಾಡುತ್ತಿದ್ದಾಗ ಪರಿಚಯವಾದ ಒಂದು ಅಕ್ಕಿ ಗಿರಣಿ. ಸುತ್ತಲಿನ ರೈತರು ಸೋನಾ ಮಸೂರಿ ಭತ್ತ ಹಾಕಿ, ಬಂದ ಹಣವನ್ನು ಮಗಳ ಮದುವೆಗೋ ಬಾವಿಗೋ ಎಂದು ಸಾಹುಕಾರರ ಹತ್ತಿರವೇ ಬಿಟ್ಟು ಹೋಗುತ್ತಿದ್ದರು. ಚೀಟಿಯಿಲ್ಲ, ಸಾಕ್ಷಿಯಿಲ್ಲ. ಸಾಹುಕಾರರು ತೀರಿಕೊಂಡಾಗ ಗಿರಣಿ ಸಾಲದಲ್ಲಿತ್ತು. ಮಗ ಬಂದು ಮೊದಲು ಮಾಡಿದ ಕೆಲಸ, ಮನೆಬಳಕೆಗೆ ಒಂದೆರಡು ಚೀಲ ತಂದವರಿಗೆ ಕೂಲಿಗೆ ಅಕ್ಕಿ ಮಾಡಿಕೊಡುವ ಹಳೆಯ ಹಲ್ಲರ್ ಮಿಷಿನ್ನನ್ನು ನಿಲ್ಲಿಸಿದ್ದು. ಅದರಲ್ಲಿ ನಷ್ಟವೇ ಇತ್ತು. ಹೆಂಗಸರು ಗೇಟಿನಲ್ಲಿ ನಿಂತು ಬೈದರು. ಆದರೆ ನಿಲ್ಲಿಸುವ ವಿಷಯವನ್ನು ಅವರು ಒಂದು ಸುಗ್ಗಿ ಮೊದಲೇ ಹೇಳಿದ್ದರು. ಅಪ್ಪನ ಬಾಯಿಮಾತಿನ ಬಾಕಿಗಳನ್ನು ಮಾತ್ರ ಊರೂರಿಗೆ ಹೋಗಿ ಕೇಳಿ ಬರೆದುಕೊಂಡರು. ಒಂದು ಸೈಟು ಮಾರಿ, ಮೂರು ಸುಗ್ಗಿಯಲ್ಲಿ ತೀರಿಸಿದರು. ಕೆಲವರು ಹೆಚ್ಚಿಗೆ ಹೇಳಿರಲಾರರೇ ಎಂದು ನಾನೇ ಕೇಳಿದೆ. ಅವರು ನಕ್ಕರು: “ಹೇಳಿರ್ತಾರೆ ಮೇಷ್ಟ್ರೇ. ಆದ್ರೆ ಗಿರಣಿ ನಮ್ಮಪ್ಪಂದು ಅಂತ ಇಸ್ಕಂಡು, ಮಾತು ನಮ್ಮಪ್ಪಂದು ಅಂತ ಬಿಡಾಕಾಗ್ತೈತಾ?”

ಹೊಸ ಮುಖ್ಯಸ್ಥನಿಗೆ ಬೇಕಾದ ಸ್ವಾತಂತ್ರ್ಯವೂ, ಇರಬೇಕಾದ ಕಟ್ಟೂ ಈ ಒಂದು ಗಿರಣಿಯಲ್ಲಿ ನನಗೆ ಕಂಡವು. ಏನು ಮಾಡಬೇಕು, ಏನು ಮಾರಬೇಕು ಎಂಬುದು ಕುರ್ಚಿಯಲ್ಲಿ ಕೂತವನ ಹಕ್ಕು. ಅದನ್ನು ಹಿಂದಿನವರ ಹೆಸರಿನಲ್ಲಿ ಕಟ್ಟಿಹಾಕಿದರೆ ಕುರ್ಚಿಯೂ ಉಳಿಯುವುದಿಲ್ಲ. ಆದರೆ ನಂಬಿ ಕೊಟ್ಟವರ ಬಾಕಿ ಕುರ್ಚಿಗೆ ಅಂಟಿಕೊಂಡೇ ಬರುತ್ತದೆ. ಬಿಡುವುದಾದರೆ ಮುಂಚಿತವಾಗಿ ಹೇಳಬೇಕು, ಉಳಿಯುವ ಮನಸ್ಸು ಗಟ್ಟಿಯಿಲ್ಲದಾಗ ದೊಡ್ಡ ಘೋಷಣೆ ಮಾಡಬಾರದು. ಜನರಲ್ ಮೋಟಾರ್ಸ್ ಭಾರತದಿಂದ ಎದ್ದುಹೋದದ್ದಕ್ಕೆ ನಾನು ಅದನ್ನು ದೂರಲಾರೆ. 2015ರ ಜುಲೈ ಮತ್ತು 2017ರ ಮೇ, ಈ ಎರಡರ ನಡುವಿನ 22 ತಿಂಗಳಲ್ಲಿ ಆ ಘೋಷಣೆಯನ್ನು ನಂಬಿ ಗಾಡಿ ಕೊಂಡವನ, ಶೋರೂಮು ಕಟ್ಟಿದವನ ಬಗ್ಗೆ ಮಾತ್ರ ಯೋಚಿಸುತ್ತೇನೆ. ತೀರ್ಮಾನ ಮಾಡಿದ ಮೇಜಿನ ಸುತ್ತ ಅವರಿಗೆ ಕುರ್ಚಿಯಿರಲಿಲ್ಲ.

ಇಷ್ಟು ಬರೆದ ಮೇಲೆ ಇದು ದೊಡ್ಡವರ ಮಾತಷ್ಟೇ ಎಂದು ಮುಚ್ಚಿಡಲು ಮನಸ್ಸು ಒಪ್ಪುವುದಿಲ್ಲ. ಶಾಲೆಗೆ ಹೊಸದಾಗಿ ಬಂದ ಹೆಡ್‌ಮಾಸ್ತರು, ಬ್ಯಾಂಕಿಗೆ ವರ್ಗವಾಗಿ ಬಂದ ಮ್ಯಾನೇಜರು, ಪಂಚಾಯಿತಿಗೆ ಆರಿಸಿಬಂದ ಅಧ್ಯಕ್ಷೆ, ಅತ್ತೆಯ ಕೈಯಿಂದ ಸಂಸಾರ ತೆಗೆದುಕೊಂಡ ಸೊಸೆ, ಎಲ್ಲರೂ ಯಾರೋ ಎದ್ದುಹೋದ ಜಾಗದಲ್ಲಿ ಕೂತವರೇ. ಅದು ನನ್ನ ಕಾಲದ್ದಲ್ಲ ಎಂಬ ಮಾತು ನಮ್ಮೆಲ್ಲರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಎದುರಿಗೆ ನಿಂತು ಕೇಳುತ್ತಿರುವವನಿಗೆ ಕಾಲ ಯಾರದೆಂಬುದು ಬೇಕಿಲ್ಲ. ಅವನು ಬಂದಿರುವುದು ಅದೇ ಬಾಗಿಲಿಗೆ.